ಗಂಟಿ ಕೇಳಿ ಕಂಬಾ ಏರೋ ಇಲಿಗೋಳು

ಸಾಲಿ ಮೆಟ್ಟಲ ಹತ್ತದ ನಾನು ಮೂವತ್ತ ವರ್ಷ ಇಲಿಗೋಳಿಗಿ ಸಾಲಿ ಕಲಿಸೀನಿ. ಸೋಲಾಪುರದ ಒಂದು ಔಷಧ ಕಾಲೇಜಿನ್ಯಾಗ ಇಲಿ ಖೋಲಿ ಶಿಪಾಯಿ ಆಗಿದ್ದೆ. ಅಲ್ಲೊಂದು ಗಾಜಿನ ಪೆಟ್ಟಿಗಿ. ತಳಕ್ಕ ಕಬ್ಬಿಣದ ಸಳಿ, ನಡುವ ತೂಗಬಿಟ್ಟ ಕಟ್ಟಿಗಿ ಕಂಬ. ಮೊದಲ ಗಂಟಿ ಬಾರಸ್ತದ, ಆಮ್ಯಾಲ ಸಳಿಗಿ ಕರೆಂಟ್ ಬರ್ತದ, ಇಲಿ ಜಿಗದು ಕಂಬಾ ಏರ್ತದ. ನಾಕ ದಿನ ಹೀಂಗಾದ್ರ ಬರೇ ಗಂಟಿ ಕೇಳಿನೇ ಏರ್ತದ. ಇಷ್ಟ ಪಾಠ. ಕರೆಂಟ್ ಜಾಸ್ತಿ ಆದೀತಂತ ದಿನಾ ಮುಂಜಾನಿ ಮೊದಲ ನಾನೇ ಗಂಟಿ ಹೊಡದು ಸಳಿಗಿ ಬೆರಳ ಇಟ್ಟು ನೋಡ್ತಿದ್ದೆ.

ಇಂಥಾ ಜಾಗಾದಾಗ ನಗಿ ಹುಟ್ಟದ ದಿನಾ ಇರಲಿಲ್ಲ. ಈಗ ಆ ಖೋಲ್ಯಾಗ ಇಲಿ ಸಾಕೋದು ಬಂದ್ ಆಗ್ಯಾದ, ಇಲಿಗೋಳು ಕಂಪ್ಯೂಟರಿನ್ಯಾಗ ಓಡ್ತಾವಂತ. ನಾ ರಿಟೈರ್ ಆಗಿ ನಮ್ಮೂರು ಕರಜಗ್ಯಾಗ ಕುಂತೀನಿ. ಆ ಪೆಟ್ಟಿಗಿ ಒಂದು ಮನಿಗಿ ಸಿಕ್ಕರ ಸಾಕು ಅಂತ ಜೀವ ಹಂಬಲಸ್ತಿತ್ತು. ಆ ಖೋಲಿ ನೋಡಿಕೊಳ್ಳೋ ಮೇಡಮ್ಮಾರಿಗಿ ಫೋನ್ ಮ್ಯಾಲ ಫೋನ್ ಮಾಡ್ತಿದ್ದೆ.

೧. ಬಾಲ

ಮೇಡಮ್ಮಾರು ಪುಣೆ ಕಡೆಯವರು. ಹೊಸದಾಗಿ ಬಂದಾಗ, "ಮಾಮಾ, ನನಗ ಕನ್ನಡ ಕಲಸ್ರಿ" ಅಂದ್ರು. ಆ ಕಾಲೇಜಿನ್ಯಾಗ ಶಿಪಾಯಿಗಿ ಮಾಮಾ ಅಂತಾರ. "ನಿಮ್ಮ ಮರಾಠಿ ಉಂದೀರ ಅಂದ್ರ ಇಲಿ ರಿ" ಅಂತ ಕಲಿಸಿದೆ. ಮರುದಿನ ಒಂದು ಇಲಿ ತಪ್ಪಿಸಿಕೊಂಡು ಕಪಾಟಿನ ಕೆಳಗ ಹೊಕ್ಕತು. ನಾ ಹಿಡಕೊಂಡು, "ಮೇಡಂ, ಇಲ್ಲಿ ಬರ್ರಿ, ಲಗೂನ ಇಲ್ಲಿ ಬರ್ರಿ" ಅಂತ ಕರದೆ. ಅವ್ರು ಮಾರಿ ಕೆಂಪ ಮಾಡಿಕೊಂಡು ಬಂದ್ರು. "ಮಾಮಾ, ನಾ ಉಂದೀರ ಏನು?"

"ಅಲ್ರಿ, ಇಲಿ ಬ್ಯಾರೆ, ಇಲ್ಲಿ ಬ್ಯಾರೆ."

ಆಫೀಸಿನ ಕನ್ನಡದ ಕ್ಲಾರ್ಕನ ಕಡಿಂದ ಎರಡೂ ಮಾತು ಚೀಟಿ ಮ್ಯಾಲ ಬರಸಿಕೊಂಡು ಬಂದ್ರು. ಇಲ್ಲಿ ಅನ್ನೋದರ ಕೆಳಗ ಜೋತ ಬಿದ್ದದ್ದರ ಮ್ಯಾಲ ಬೆರಳ ಇಟ್ಟು ಅಂದ್ರು, "ನಿಮ್ಮ ಭಾಷಾ ಉಲ್ಟಾ ಅದ ಮಾಮಾ. ಇಲಿಗಿ ಬಾಲನೇ ಇಲ್ಲ, ಇಲ್ಲಿಗಿ ಬಾಲ ಇಟ್ಟೀರಿ."

೨. ನೀರಿನ ಗುಣ

ನನ್ನ ಕೈಯಾಗ ಕಲತ ಇಲಿಗೋಳು ಎಂಥಾವಂದ್ರ, ರಸ್ತಾದಾಗ ಎಸ್‌ಟಿ ಬಸ್ಸಿನ ಕಂಡಕ್ಟರ್ ಗಂಟಿ ಎಳದ್ರ ಇಲ್ಲಿ ಪಿಂಜರಾ ಏರ್ತಿದ್ದು. ಸುಳ್ಳಲ್ಲ. ಅದರಾಗ ಭಾರಿ ಶಾಣ್ಯಾ ಇದ್ದು ಎರಡು. ಒಂದಕ್ಕ ಮೇಡಮ್ಮಾರು ಅಂಜಿಕಿ ಕಳಿಯೋ ಹೊಸಾ ಔಷಧ ಚುಚ್ಚಿದ್ರು, ಇನ್ನೊಂದಕ್ಕ ಬರೇ ನೀರು. ಗಂಟಿ ಹೊಡದ್ರು. ಔಷಧದ ಇಲಿ ಊರ ಗೌಡನಂಗ ಕುಂತಿತು. ಮೇಡಮ್ಮಾರಿಗಿ ಖುಷಿ. ನೀರಿನ ಇಲಿ ಬಿಟ್ರು. ಅದೂ ಗೌಡನೇ.

"ನೀರಿಗಿ ಇಷ್ಟು ಗುಣ ಹೆಂಗ ಬಂತು ಮಾಮಾ?"

ಸುಳ್ಳ ಹೇಳಾಕ ಬಾಯಿ ಬರಲಿಲ್ಲ. "ನೀರಿಂದಲ್ರಿ. ನನ್ನ ಡಬ್ಬಿದಾಗಿನ ಕಡಕ ರೊಟ್ಟಿ, ಶೇಂಗಾ ಚಟ್ನಿ ತಿನ್ಸೀನಿ. ಹೊಟ್ಟಿ ತುಂಬ್ಯಾದ, ಏರಾಕ ಬ್ಯಾಸರ."

"ಹೋಗ್ಲಿ, ಔಷಧದ ಇಲಿಯರ ಖರೆ ಅದ. ಈ ನೀರಿನ ಇಲಿಗಿ ಎಷ್ಟ ತಿನ್ಸೀರಿ?"

"ಅರ್ಧಾ ರೊಟ್ಟಿ ರಿ. ಉಳದ ಅರ್ಧಾ ಅದಕ್ಕ."

೩. ಗಂಟಿ

ಹೋದ ತಿಂಗಳ ಮೇಡಮ್ಮಾರು ಫೋನ್ ಮಾಡಿ, ಬಂದು ಹೋಗ್ರಿ ಅಂದ್ರು. ಜಳಕಾ ಮಾಡಿ, ಇಸ್ತ್ರಿ ಅಂಗಿ ಹಾಕ್ಕೊಂಡು, ಪೆಟ್ಟಿಗಿ ಕಟ್ಟಾಕ ಹಗ್ಗಾ ತಗೊಂಡು ಎಸ್‌ಟಿ ಹತ್ತಿದೆ. ಖೋಲ್ಯಾಗ ಸಾಲಕ ಕಂಪ್ಯೂಟರ್. ಇಲಿ ವಾಸನಿ ಸುದ್ದಾ ಉಳದಿರಲಿಲ್ಲ. ಮೇಡಮ್ಮಾರ ತಲಿ ಬೆಳ್ಳಗಾಗಿತ್ತು. "ಪೆಟ್ಟಿಗಿ ಗುಜರಿಗಿ ಹೋಗೇ ಬಿಟ್ಟದ ಮಾಮಾ. ನಿಮಗಂತ ಇದೊಂದು ಬಿಚ್ಚಿ ಇಟ್ಟೀನಿ" ಅಂತ ಡ್ರಾವರಿನ್ಯಾಗಿಂದ ಗಂಟಿ ತಗದು ಕೊಟ್ರು. ಕರಜಗಿ ಬರೂತನಕಾ ಮಡಿಲಾಗ ಇಟಗೊಂಡು ಕುಂತೆ. ಹಗ್ಗಾ ಹಂಗೇ ಕಿಸೆದಾಗ ಉಳೀತು.

ಮನಿ ಬಾಗಲಕ್ಕ ಕೂಡಸಿ, ಹೊರಗ ಒತ್ತೋ ಗುಂಡಿ ಹಚ್ಚಿದೆ. ಮೂರ ದಿನಾ ಯಾರೂ ಒತ್ತಲಿಲ್ಲ. ನಮ್ಮೂರಾಗ ರಸ್ತಾದಾಗ ನಿಂತೇ ಕೂಗ್ತಾರ, ಗಂಟಿ ಯಾರ ಒತ್ತಬೇಕು? ನಾ ಪಡಸಾಲ್ಯಾಗ ಕುಂತು ಹಾದಿ ಕಾಯ್ದೆ. ನಾಕನೇ ದಿನಾ ಹೊಸಾ ಟಪಾಲದವ ಬಂದು ಒತ್ತಿದ.

ನನಗ ಎಚ್ಚರಾದಾಗ ನಾ ಪಡಸಾಲಿ ಕಂಬದ ಮ್ಯಾಲಿದ್ದೆ. ಎರಡೂ ಕಾಲು ನೆಲಾ ಬಿಟ್ಟಿದ್ದು, ಧೋತರ ಒಂದು ಮೊಳೀಗಿ ಸಿಕ್ಕಿತ್ತು.

ನನ್ನ ಹೆಂಡತಿ ಹಿಟ್ಟಿನ ಕೈಲೆ ಹೊರಗ ಬಂದ್ಲು. "ಇಲಿಗೋಳು ನಾಕ ದಿನದಾಗ ಕಲೀತಿದ್ದುವಂತ. ನಿಮಗ ಮೂವತ್ತ ವರ್ಷ ಬೇಕಾತೇನ್ರಿ? ಇಳೀರಿ, ರೊಟ್ಟಿ ಆರತಾವ."

ನಾ ಇಳೀಲಿಲ್ಲ. ಬಾಗಲದಾಗ ಬಾಯಿ ತಗದು ನಿಂತ ಟಪಾಲದವಗ ಅಂದೆ, "ತಮ್ಮಾ, ಇನ್ನೊಮ್ಮೆ ಒತ್ತು."