ಅಡುಗೆಮನೆ ಒಡೆದೆವು, ಅವ್ವ ಹೊರಟು ನಿಂತಳು

ನಮ್ಮ ಅಡುಗೆಮನೆ ಹೊಸದಾಗುವುದು ಈ ಜನ್ಮದಲ್ಲಿ ಸಾಧ್ಯವಿಲ್ಲ ಎಂದು ಮೊದಲು ಹೇಳಿದವರು ನನ್ನ ಗಂಡ ಶರಣಪ್ಪ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಯಾವ ಕೆಲಸ ಬಂದರೂ ಮೊದಲು ‘ಆಗೂದಿಲ್ಲ ಬಿಡು’ ಎಂದುಬಿಟ್ಟು, ಆಮೇಲೆ ಚಹಾ ಕುಡಿಯುತ್ತ ಯೋಚನೆ ಮಾಡುವುದು ಅವರ ರೂಢಿ. ಆದರೆ ನನ್ನಂಥವಳ ಮುಂದೆ ಆ ಮಾತು ಆಡಬಾರದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ನಾನು. ಗಂಡಸರನ್ನು ಸೇರಿಸಿದರೂ ನಾನೇ ಮೊದಲು. ಬಿ.ಕಾಂ. ಮಾಡಿದ್ದು ವಾಣಿಜ್ಯಶಾಸ್ತ್ರದ ಮೇಲಿನ ಪ್ರೀತಿಗಲ್ಲ. ‘ಈ ಹುಡುಗಿ ಡಿಗ್ರಿ ಮುಗಿಸಿದ್ರ ನಾ ಮೀಸಿ ಬೋಳಿಸ್ತೀನಿ’ ಎಂದು ನಮ್ಮ ದೊಡ್ಡಪ್ಪ ಮಾನ್ವಿಯ ಸಂತೆಯಲ್ಲಿ ನಾಲ್ಕು ಜನರ ಎದುರು ಹೇಳಿದ್ದರು. ನಾನು ಮುಗಿಸಿದೆ. ಅವರು ಬೋಳಿಸಲಿಲ್ಲ. ಆ ಮೀಸೆ ಈಗ ಬೆಳ್ಳಗಾಗಿ ನಮ್ಮ ಮನೆಯ ಎಲ್ಲ ಮದುವೆ ಫೋಟೋಗಳಲ್ಲೂ ಕಾಣಿಸುತ್ತದೆ.

ಕಷ್ಟಪಟ್ಟು ಓದಿದವರಿಗೆ ಒಂದು ರೋಗ ಇರುತ್ತದೆ. ಓದಿದರೆ ಬಾರದ್ದು ಯಾವುದೂ ಇಲ್ಲ ಎಂಬ ನಂಬಿಕೆ. ಅಪ್ಪ ಅಮ್ಮ ಓದಿದವರಾಗಿದ್ದರೆ ಪುಸ್ತಕ ಎಷ್ಟು ಸುಳ್ಳು ಹೇಳುತ್ತದೆ ಎಂಬುದು ಚಿಕ್ಕಂದಿನಲ್ಲೇ ತಿಳಿದುಬಿಡುತ್ತದೆ. ನಮಗೆ ಅದು ತಡವಾಗಿ ತಿಳಿಯುತ್ತದೆ, ಅದೂ ಮನೆಯ ಗೋಡೆ ಒಡೆಸಿದ ಮೇಲೆ. ಅಡುಗೆಮನೆಯ ಕೆಲಸಕ್ಕೆ ನಾನು ಪರೀಕ್ಷೆಗೆ ಕೂತಂತೆ ಕೂತೆ. ಸಿಕಂದರಾಬಾದಿನ ನನ್ನ ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಫೋನು ಹಿಡಿದು ಓದಿದ್ದೇ ಓದಿದ್ದು. ಒಲೆ, ನೀರಿನ ತೊಟ್ಟಿ, ಫ್ರಿಜ್ಜು ಈ ಮೂರೂ ಒಂದು ತ್ರಿಕೋನದಲ್ಲಿ ಇರಬೇಕಂತೆ. ಆಗ ಹೆಂಗಸಿನ ಓಡಾಟ ಕಡಿಮೆಯಾಗುತ್ತದಂತೆ. ಮನೆಗೆ ಬಂದು ಟೇಪು ಹಿಡಿದು ನೋಡಿದೆ. ಹಿಮಾಯತ್‌ನಗರದ ಹಿಂದಿನ ಗಲ್ಲಿಯ ನಮ್ಮ ಹಳೆಯ ಫ್ಲ್ಯಾಟಿನ ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತು ಒಂದು ಕೈ ಚಾಚಿದರೆ ನೀರು, ಇನ್ನೊಂದು ಕೈ ಚಾಚಿದರೆ ಫ್ರಿಜ್ಜು. ಅಲ್ಲಿ ತ್ರಿಕೋನ ಬರೆಯಲು ಜಾಗವೇ ಇರಲಿಲ್ಲ, ಚುಕ್ಕಿ ಇಡಬಹುದಿತ್ತು.

ಇಷ್ಟಾದರೂ ನಾನು ಹಟ ಬಿಡದಿದ್ದಕ್ಕೆ ಕಾರಣ ಅವ್ವ. ನಾನು ಓದಿದ್ದು ಅವ್ವನ ಒಲೆಯ ಪಕ್ಕದಲ್ಲಿ. ಮನೆಯಲ್ಲಿ ಇದ್ದದ್ದೇ ಒಂದು ಕೋಣೆ. ಅವಳು ರೊಟ್ಟಿ ಬಡಿಯುವ ಸಪ್ಪಳಕ್ಕೆ ತಕ್ಕಂತೆ ನಾನು ಲೆಕ್ಕಶಾಸ್ತ್ರದ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡುತ್ತಿದ್ದೆ. ನಾನು ತಿರುಗಿ ಕೊಟ್ಟ ಪುಸ್ತಕ ಮೂಸಿ ನೋಡಿದ ಕಾಲೇಜಿನ ಗ್ರಂಥಪಾಲಕರು, ‘ಏನಮ್ಮಾ, ಇದನ್ನ ಓದಿದೆಯೋ, ಸುಟ್ಟೆಯೋ?’ ಎಂದು ಕೇಳಿದ್ದರು. ಆ ಹೊಗೆಯಲ್ಲಿ ಅವ್ವನ ಕಣ್ಣು ಸದಾ ಕೆಂಪಗಿರುತ್ತಿತ್ತು. ನನ್ನ ಮನೆ ಅಂತ ಒಂದಾದರೆ ಅಲ್ಲಿ ಅವ್ವ ಒಲೆಯ ಮುಂದೆ ಕೂಡಬಾರದು ಎಂದು ಆಗಲೇ ತೀರ್ಮಾನಿಸಿದ್ದೆ. ನನ್ನ ತೀರ್ಮಾನಗಳೆಲ್ಲ ಹೀಗೆಯೇ. ಸಂಬಂಧಪಟ್ಟವರನ್ನು ಒಂದು ಮಾತು ಕೇಳದೆ ಆಗುವಂಥವು.

ಅವ್ವ ನಮ್ಮ ಮನೆಗೆ ಬಂದದ್ದು ನನಗೆ ಟೈಫಾಯಿಡ್ ಆದಾಗ. ಜ್ವರ ಬಿಟ್ಟು ಹೋಯಿತು, ಅವ್ವ ಉಳಿದಳು. ಹಾಗಂತ ಅವಳು ಒಪ್ಪುವುದಿಲ್ಲ. ಅವಳ ಲೆಕ್ಕದಲ್ಲಿ ಅವಳು ಇರುವುದು ರಾಯಚೂರಿನ ನನ್ನ ತಮ್ಮನ ಮನೆಯಲ್ಲಿ; ಇಲ್ಲಿ ಬಂದು ಹೋಗುವವಳು ಅಷ್ಟೇ. ‘ಈ ಅಮಾಸಿ ಆಗ್ಲಿ, ಹೊಂಟೆ’ ಎನ್ನುತ್ತಾಳೆ. ಅಮಾವಾಸ್ಯೆ ಬರುತ್ತದೆ, ಹೋಗುತ್ತದೆ. ನಮ್ಮ ಕಡೆ ಹಳೆಯ ಹೆಂಗಸರು ಮಗಳ ಮನೆಯಲ್ಲಿ ನೀರು ಕುಡಿಯಲೂ ಹಿಂದೆ ಮುಂದೆ ನೋಡುತ್ತಾರೆ. ಅಳಿಯನ ಎದುರು ಅವ್ವ ಇವತ್ತಿಗೂ ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತಾಳೆ, ನೇರವಾಗಿ ಮಾತಾಡುವುದಿಲ್ಲ. ಅವರು ಎದುರಿಗೇ ಕೂತಿದ್ದರೂ, ‘ಮಾದೇವಿ, ಅಳಿಯಂದಿರಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳು’ ಎನ್ನುತ್ತಾಳೆ. ‘ಸಾಕು ಅಂತ ಹೇಳು’ ಎಂದು ಅವರು ನನಗೆ ಹೇಳುತ್ತಾರೆ. ನಡುವೆ ನಾನು ಟಪಾಲಿನವಳು.

ಕೆಲಸಕ್ಕೆ ಗಚ್ಚಿಬೌಲಿಯ ಒಂದು ಶೋರೂಮಿನಿಂದ ವಂಶಿ ಎಂಬ ಹುಡುಗ ಬಂದ. ತೆಲುಗು ಹುಡುಗ, ಬಹಳ ವಿನಯವಂತ, ಮಾತಿಗೆ ಮೊದಲು ಲ್ಯಾಪ್‌ಟಾಪ್ ತೆಗೆಯುವವನು. ನಮ್ಮ ಅಡುಗೆಮನೆ ಹೇಗೆ ಆಗಲಿದೆ ಎಂಬ ಚಿತ್ರ ತೋರಿಸಿದ. ಬೂದು ಬಣ್ಣದ ಕಪಾಟು, ಬಿಳಿಯ ಕಟ್ಟೆ, ಮೇಲೆ ಚಿಮಣಿ, ಮೂಲೆಯಲ್ಲಿ ನೆಲದಿಂದ ಸೂರಿನ ತನಕ ಎತ್ತರದ ಕಪಾಟು, ಅದರ ಹೊಟ್ಟೆಯಲ್ಲಿ ಓವನ್ನು. ನಡುವೆ ಬಳುಕುವ ಒಬ್ಬ ಹುಡುಗಿ ಹಣ್ಣಿನ ರಸದ ಗ್ಲಾಸು ಹಿಡಿದು ನಿಂತಿದ್ದಳು. ಅವ್ವ ಕನ್ನಡಕ ಹಾಕಿಕೊಂಡು ನೋಡಿದಳು.

‘ಇಕಿ ಯಾರವ್ವಾ?’

‘ಯಾರೂ ಅಲ್ಲ ಅವ್ವಾ, ಸುಮ್ಮನ ಚಿತ್ರ.’

‘ಇಕಿ ಹಿಂಗ ನಿಂತ್ರ ಅಡಿಗಿ ಯಾರು ಮಾಡ್ತಾರ?’

ಅದೇ ನಾನು ಕಾಯುತ್ತಿದ್ದ ಪ್ರಶ್ನೆ. ಡಿಗ್ರಿ ಫಲಿತಾಂಶ ಹೇಳಿದಷ್ಟೇ ಹೆಮ್ಮೆಯಿಂದ ಹೇಳಿದೆ: ‘ಅವ್ವಾ, ಈ ಅಡಿಗಿಮನಿ ಆದ ಮ್ಯಾಲ ನೀ ಏನೂ ಮಾಡಬ್ಯಾಡ. ಅಡಿಗಿಗೆ ಒಬ್ಬಾಕಿನ್ನ ಹಚ್ಚೀನಿ. ರೊಟ್ಟಿ ಸುದ್ದಾ ಅಕೀನ ಮಾಡ್ತಾಳ. ನೀ ಆರಾಮ ಕುಂತು ಉಣ್ಣು.’

ಅವ್ವ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ‘ಆಗ್ಲಿ’ ಎಂದಳು. ವಂಶಿ, ‘ಅಮ್ಮಗಾರು, ನಿಮಗೇನಾದರೂ ಬೇರೆ ಬೇಕಾ?’ ಎಂದು ಹಿಂದಿಯಲ್ಲಿ ಕೇಳಿದ. ‘ನನಗೇನು ಬೇಕಪ್ಪಾ, ನಾ ಹೋಗಾಕಿ’ ಎಂದು ಅವ್ವ ಕನ್ನಡದಲ್ಲೇ ಉತ್ತರ ಕೊಟ್ಟಳು. ಅವನು ತಲೆಯಾಡಿಸಿ ‘ನೋ ಚೇಂಜಸ್’ ಎಂದು ಬರೆದುಕೊಂಡ. ನಾನೂ ಅಷ್ಟೇ ತಿಳಿದುಕೊಂಡೆ. ಕನ್ನಡ ಬಾರದ ಅವನಿಗಾದರೂ ಒಂದು ನೆವ ಇತ್ತು.

ಒಡೆಯುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅನುಭವಿಸಿದವರಿಗೆ ಗೊತ್ತು, ಅನುಭವಿಸದವರು ಸುಖವಾಗಿರಲಿ. ಟೈಲ್ಸ್ ಕೀಳುವಾಗ ಎದ್ದ ಧೂಳು ಅಡುಗೆಮನೆಯ ಬಾಗಿಲಿಗೆ ಕಟ್ಟಿದ ಪ್ಲಾಸ್ಟಿಕ್ ಪರದೆಗೆ ನಮಸ್ಕಾರ ಹೇಳಿ ಒಳಗೆ ಬಂತು. ದೇವರ ಫೋಟೋ, ದಿಂಬು, ಶರಣಪ್ಪನವರ ಹಲ್ಲುಜ್ಜುವ ಬ್ರಷ್ಷು ಎಲ್ಲವೂ ಒಂದೇ ಬಣ್ಣ. ಫ್ರಿಜ್ಜು ಹಾಲ್‌ನಲ್ಲಿ ಟಿವಿ ಪಕ್ಕ ನಿಂತಿತು. ಸುದ್ದಿ ನೋಡುವಾಗಲೆಲ್ಲ ಯಾರಾದರೂ ಮೊಸರು ತೆಗೆಯಲು ಅಡ್ಡ ಬರುತ್ತಿದ್ದರು. ಬಾಲ್ಕನಿಯಲ್ಲಿ ಕರೆಂಟಿನ ಒಂದು ಇಂಡಕ್ಷನ್ ಒಲೆ ಇಟ್ಟುಕೊಂಡೆವು. ಅದರ ಮೇಲೆ ಅವ್ವನ ಮಣ್ಣಿನ ಹಂಚು ಇಟ್ಟರೆ ಅದು ಕೀ ಎಂದು ಕೂಗಿ ಆರಿಹೋಗುತ್ತಿತ್ತು. ‘ಇದಕ್ಕ ಹಂಚಂದ್ರ ಅಂಜಿಕಿ’ ಎಂದಳು ಅವ್ವ. ಹೀಗೆ ರೊಟ್ಟಿ ನಿಂತಿತು. ಬೆಳಿಗ್ಗೆ ಗಲ್ಲಿಯ ಮೂಲೆಯ ಟಿಫಿನ್ ಸೆಂಟರಿನ ಇಡ್ಲಿ, ಸಂಜೆ ಅದೇ ಅಂಗಡಿಯ ದೋಸೆ. ಶರಣಪ್ಪನವರು ಪುಂಡಿಪಲ್ಯಕ್ಕೆ ಹಂಬಲಿಸಿ, ಇಲ್ಲಿಯವರು ಅದೇ ಸೊಪ್ಪಿನಿಂದ ಮಾಡುವ ಗೋಂಗೂರ ಉಪ್ಪಿನಕಾಯಿಯನ್ನು ಇಡ್ಲಿಗೆ ಹಚ್ಚಿಕೊಂಡು ಕಣ್ಣು ಮುಚ್ಚಿ ತಿನ್ನುವುದನ್ನು ನಾನು ನೋಡಿದ್ದೇನೆ.

ಅವ್ವ ಮಾತ್ರ ಊಟ ಕಡಿಮೆ ಮಾಡಿದಳು. ಇಡ್ಲಿ ಮುಂದಿಟ್ಟರೆ ‘ಹಸಿವಿಲ್ಲ’ ಎನ್ನುವಳು. ಧೂಳಿಗೆ ಗಂಟಲು ಕಟ್ಟಿರಬೇಕು ಎಂದು ನಾನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಔಷಧಿ ಕೊಟ್ಟರು. ಅವಳು ಔಷಧಿ ಕುಡಿದಳು, ಇಡ್ಲಿ ಬಿಟ್ಟಳು. ಒಂದು ಭಾನುವಾರ ಒಳಗೆ ಹೋದರೆ ಮಂಚದ ಮೇಲೆ ಅವಳ ಸೀರೆಗಳೆಲ್ಲ ಮಡಚಿಟ್ಟಿವೆ. ತಮ್ಮನಿಗೆ ಫೋನು ಮಾಡಿ ರೈಲಿಗೆ ಟಿಕೀಟು ಮಾಡಿಸಲು ಹೇಳಿಯೂ ಆಗಿತ್ತು.

‘ಏನಾತವ್ವಾ? ನಾ ಏನರ ಅಂದ್ನೇನು?’

‘ನೀ ಏನಂತಿ. ಕೆಲಸ ಮುಗದ್ರ ಹೋಗಾಕ ಬೇಕಲ್ಲ.’

‘ಯಾವ ಕೆಲಸ?’

‘ರೊಟ್ಟಿ ಬಡಿಯೂದು. ಅದಕ್ಕ ಬ್ಯಾರೆ ಹೆಣ್ಮಗಳನ್ನ ಹಚ್ಚೀನಿ ಅಂತ ನೀನ ಅಂದೆಲ್ಲ.’ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸೀರೆಯ ಅಂಚು ಸರಿಯಾಗಿ ಹೊಂದಿಸುತ್ತ ಹೇಳಿದಳು. ‘ಇಷ್ಟ ದಿನ ನಾಕು ರೊಟ್ಟಿ ಬಡದೆ, ಒಂದು ಉಂಡೆ. ಅದರಾಗ ನಾಚಿಗಿ ಇರಲಿಲ್ಲ. ಮಗಳ ಮನ್ಯಾಗ ಸುಮ್ಮನ ಕುಂತು ಉಣ್ಣೂದು ನನ್ನ ಕೈಲೆ ಆಗೂದಿಲ್ಲವಾ.’

ನಾನು ಓದಿದವಳು, ತಕ್ಷಣ ಕಾನೂನಿಗೆ ಕೈ ಹಾಕಿದೆ. ಮಗ ಮಗಳು ಈಗ ಸಮ, ತಾಯಿಯನ್ನು ನೋಡಿಕೊಳ್ಳುವ ಹೊಣೆ ಇಬ್ಬರಿಗೂ ಇದೆ ಎಂದು ದೊಡ್ಡ ಭಾಷಣ ಮಾಡಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು. ‘ಕಾನೂನಿಗೇನು, ಅದು ಉಣ್ಣೂದಿಲ್ಲ. ಉಣ್ಣಾಕಿ ನಾ’ ಎಂದಳು. ಬಾಗಿಲಲ್ಲಿ ನಿಂತಿದ್ದ ಶರಣಪ್ಪನವರು ಅಂದಿನ ಮಟ್ಟಿಗೆ ರೂಢಿ ಮುರಿದು ನೇರವಾಗಿ, ‘ಅತ್ತೀ, ನೀವು ಹೋದ್ರ ನಾ ಇಡ್ಲಿ ತಿಂದು ಸಾಯ್ತೀನ್ರಿ’ ಎಂದರು. ಅವ್ವ ಗಡಬಡಿಸಿ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. ‘ಅಡಿಗಿಯಾಕಿ ಬರ್ತಾಳಂತ ಅಳಿಯಂದಿರಿಗೆ ಹೇಳು’ ಎಂದಳು ಗೋಡೆಗೆ.

ಆ ದಿನ ಒಡೆದ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಬಹಳ ಹೊತ್ತು ನೋಡಿದೆ. ಬೇರೆಯವರ ಆರಾಮನ್ನು ನಾವು ನಮ್ಮ ಅಳತೆಯಲ್ಲಿ ಹೊಲಿಸಿಬಿಡುತ್ತೇವೆ. ನಾನು ಆಫೀಸಿನಲ್ಲಿ ದಣಿದವಳು, ನನಗೆ ಆರಾಮೆಂದರೆ ಕೆಲಸ ಇಲ್ಲದಿರುವುದು. ಅವ್ವನಿಗೆ ನಾನು ಕೊಟ್ಟದ್ದು ವಿಶ್ರಾಂತಿ ಎಂದು ನಾನು ತಿಳಿದಿದ್ದೆ. ಅವಳ ಕೈಗೆ ಸಿಕ್ಕಿದ್ದು ಮನೆ ಖಾಲಿ ಮಾಡಲು ನೋಟೀಸು. ಆ ಎರಡು ಹೊತ್ತಿನ ರೊಟ್ಟಿಯ ಬಲದ ಮೇಲೆ ಅವಳು ಈ ಮನೆಯಲ್ಲಿ ತಲೆಯೆತ್ತಿ ಓಡಾಡುತ್ತಿದ್ದಳು. ಅದನ್ನೇ ನಾನು ಹೆಮ್ಮೆಯಿಂದ ಕಿತ್ತು ಹಾಕಿದ್ದೆ, ಹಳೆಯ ಟೈಲ್ಸಿನ ಜೊತೆಗೆ. ಇರು ಎಂದು ಕಾಲು ಹಿಡಿದರೂ ಅವಳು ಇರುವವಳಲ್ಲ. ಇರಲು ಅವಳಿಗೆ ಕೆಲಸ ಬೇಕು.

ಮರುದಿನ ವಂಶಿಯನ್ನು ಕರೆದೆ. ಓವನ್ನಿನ ಎತ್ತರದ ಕಪಾಟು ಬೇಡ, ಆ ಮೂಲೆಯಲ್ಲಿ ನೆಲದಿಂದ ಒಂದು ಗೇಣು ಎತ್ತರದ ಕಲ್ಲಿನ ಕಟ್ಟೆ ಬೇಕು, ಅದರ ಮೇಲೆ ಗ್ಯಾಸಿನ ಒಲೆ ಬೇಕು, ಮುಂದೆ ಒಬ್ಬರು ಚಕ್ಕಂಬಕ್ಕಳ ಹಾಕಿ ಕೂತು ರೊಟ್ಟಿ ಬಡಿಯುವಷ್ಟು ಬರಿ ನೆಲ ಬೇಕು ಎಂದೆ. ಅವನ ಮುಖ ಬಾಡಿತು. ‘ಮೇಡಂ, ಲುಕ್ ಪೋತುಂದಿ’ ಎಂದ, ಅಂದ ಹೋಗಿಬಿಡುತ್ತದೆ ಎಂಬ ಸಂಕಟದಲ್ಲಿ. ಲ್ಯಾಪ್‌ಟಾಪಿನಲ್ಲಿ ಹುಡುಕಿದ; ಅವನ ಕಂಪನಿಯ ಚಿತ್ರಗಳಲ್ಲಿ ನೆಲದ ಮೇಲೆ ಕೂತ ಹೆಂಗಸು ಒಬ್ಬಳೂ ಇರಲಿಲ್ಲ. ಕೊನೆಗೆ ಹಣ್ಣಿನ ರಸದವಳನ್ನೇ ಒಂದಿಷ್ಟು ಪಕ್ಕಕ್ಕೆ ಸರಿಸಿ ಕಟ್ಟೆ ಬರೆದುಕೊಂಡ. ಓವನ್ನಿನಲ್ಲಿ ಕೇಕು ಮಾಡಿ ಆಫೀಸಿಗೆ ಒಯ್ಯುವ ಒಂದು ಕನಸು ನನಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲವಾದ್ದರಿಂದ ಸದ್ದಿಲ್ಲದೆ ಬಿಡಲು ಅನುಕೂಲವಾಯಿತು.

ಕಟ್ಟೆ ಎದ್ದ ದಿನ ಅವ್ವ ಬಾಗಿಲಲ್ಲಿ ನಿಂತು ನೋಡಿದಳು.

‘ಅಡಿಗಿಯಾಕಿ ಕುಂತು ಮಾಡ್ತಾಳೇನು?’

‘ಅಕಿ ಬರೂದಿಲ್ಲವ್ವಾ.’

‘ಯಾಕ?’

‘ನಾನ ಬ್ಯಾಡಂದೆ. ಅಕಿ ರೊಟ್ಟಿ ಇವರಿಗೆ ಸೇರೂದಿಲ್ಲಂತ.’

‘ಉಂಡೇ ಇಲ್ಲ, ಹೆಂಗ ಗೊತ್ತಾತು?’ ಎಂದಳು. ಸುಳ್ಳು ಹೇಳುವುದಕ್ಕೆ ಡಿಗ್ರಿ ಏನೂ ಸಹಾಯ ಮಾಡುವುದಿಲ್ಲ. ಅವ್ವ ಇರುತ್ತೇನೆ ಎನ್ನಲಿಲ್ಲ. ತಮ್ಮನಿಗೆ ಫೋನು ಮಾಡಿ, ‘ಟಿಕೀಟು ಸದ್ಯ ಬ್ಯಾಡ, ಇಲ್ಲಿ ಒಲಿ ನೋಡಿ ಹೇಳ್ತೀನಿ’ ಎಂದಳಂತೆ. ಒಲೆಯ ಮೇಲೆ ನನ್ನ ಭವಿಷ್ಯ ನಿಂತಿತು.

ಕೆಲಸ ಮುಗಿದ ದಿನ ಒಪ್ಪಿಸಿಕೊಡುವ ಸಮಾರಂಭ ಇದೆ, ಸರ್ಟಿಫಿಕೇಟು ಕೊಟ್ಟು ಫೋಟೋ ತೆಗೆಯುತ್ತೇವೆ ಎಂದು ವಂಶಿ ಮೊದಲೇ ಹೇಳಿದ್ದ. ಸರ್ಟಿಫಿಕೇಟು ತೆಗೆದುಕೊಳ್ಳುವುದೆಂದರೆ ನನಗೆ ಎಂಥದೋ ಹುಚ್ಚು. ಸಾಲಿನಲ್ಲಿ ನಿಲ್ಲುವುದರಿಂದ ಹಿಡಿದು ಎಡಗೈ ಎಲ್ಲಿರಬೇಕು ಎಂಬ ತನಕ ನನಗೆ ರೂಢಿಯಿದೆ. ಅವನು ನೀಲಿ ಫೈಲು ಹಿಡಿದು ಬಂದಾಗ, ‘ಒಂದು ನಿಮಿಷ’ ಎಂದು ರೇಷ್ಮೆ ಸೀರೆ ಉಡಲು ಒಳಗೆ ಓಡಿದೆ. ನಿರಿಗೆ ಸರಿಹೋಗಲಿಲ್ಲ. ಹೊರಗೆ ಬರುವಷ್ಟರಲ್ಲಿ ಫೋಟೋ ಆಗಿಹೋಗಿತ್ತು. ಅಡುಗೆಮನೆಯಲ್ಲಿ ಇದ್ದವಳು ಅವ್ವ ಒಬ್ಬಳೇ. ಹೊಸ ಒಲೆಯ ಮೇಲೆ ಮೊದಲ ರೊಟ್ಟಿ ಹಾಕಿ ಕೂತಿದ್ದಳು. ವಂಶಿ ಬಗ್ಗಿ ಫೈಲನ್ನು ಅವಳ ಕೈಗೇ ಕೊಟ್ಟಿದ್ದ. ಜೋಳದ ಹಿಟ್ಟಿನ ಬೆರಳು ತಾಗದಂತೆ ಅವಳು ಅದನ್ನು ಎರಡು ಮುಂಗೈ ನಡುವೆ ಹಿಡಿದುಕೊಂಡಿದ್ದಳು. ಶರಣಪ್ಪನವರು ಫೋನು ಹಿಡಿದು ನಗುತ್ತಿದ್ದರು.

‘ಏನು ಬರದಾರ ಓದು’ ಎಂದಳು ಅವ್ವ ನನಗೆ.

ರೇಷ್ಮೆ ಸೀರೆಯಲ್ಲೇ ನೆಲದ ಮೇಲೆ ಕೂತು ಓದಿದೆ. ‘ಇದು ವಾರಂಟಿ ಸರ್ಟಿಫಿಕೇಟು ಅವ್ವಾ. ಹತ್ತು ವರ್ಷದ ತನಕ ಇಲ್ಲಿ ಏನರ ಕೆಟ್ರ ಇವರ ಬಂದು ರಿಪೇರಿ ಮಾಡಿಕೊಡ್ತಾರ.’

ಅವ್ವ ರೊಟ್ಟಿ ಮಗುಚಿ ಹಾಕಿದಳು. ಕಪಾಟು, ಕಟ್ಟೆ, ಚಿಮಣಿ ಎಲ್ಲವನ್ನೂ ಒಂದು ಸುತ್ತು ನೋಡಿದಳು. ಕೊನೆಗೆ ನನ್ನನ್ನು, ನನ್ನ ಸೀರೆಯನ್ನು ನೋಡಿದಳು.

‘ಹಂಗಾದ್ರ ಹತ್ತು ವರ್ಷ ನಾ ಇಲ್ಲೇ ಇರಬೇಕಾತು’ ಎಂದಳು. ‘ಅಡಿಗಿಮನ್ಯಾಗ ಏನರ ಕೆಟ್ರ ನಿನಗೆಲ್ಲಿ ಗೊತ್ತಾಗತೈತಿ?’