ಮಾವನ ಇಂಜಿನ್ನಿಗೆ ನಾನು ಹಚ್ಚಿದ ಹಸಿರು

ಬಣ್ಣದ ವಿಷಯ ನನಗೆ ಬಿಟ್ಟುಬಿಡು ಎಂದು ಹೆಂಡತಿ ಜಯಮ್ಮನಿಗೆ ಹೇಳಿದಾಗ ನನ್ನ ದನಿಯಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ನಾನು ಆಗ ಶ್ರೀನಿವಾಸಪುರದ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಡ್ರಾಯಿಂಗ್ ಮೇಷ್ಟ್ರು ರಜ ಹಾಕಿದಾಗ ಅವರ ತರಗತಿಯನ್ನೂ ನೋಡಿಕೊಳ್ಳುತ್ತಿದ್ದೆ. ಚಿತ್ರಕಲೆಯಲ್ಲಿ ನನ್ನ ಪಾಂಡಿತ್ಯವೆಲ್ಲ ಬೋರ್ಡಿನ ಮೇಲೆ ಸೀಮೆಸುಣ್ಣದಿಂದ ಬಿಂದಿಗೆ, ಬದನೆಕಾಯಿ ಬರೆಯುವಷ್ಟು. ಅದಕ್ಕೆ ಬಣ್ಣದ ಅಗತ್ಯವೇ ಬೀಳುವುದಿಲ್ಲ ಎಂಬ ಸೂಕ್ಷ್ಮ ಮಾತ್ರ ನನಗೆ ಹೊಳೆದಿರಲಿಲ್ಲ.

ಇದು ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ನನ್ನ ಮಾವ ಮುನಿಸ್ವಾಮಪ್ಪನವರು ಕಿರಿದಾದ ಹಳಿಯ ಮೇಲೆ ಓಡುವ ಸಣ್ಣ ರೈಲಿನ ಡ್ರೈವರು. ಬೌರಿಂಗ್‌ಪೇಟೆಯಿಂದ ಹೊರಟು ಕೋಲಾರ, ಶ್ರೀನಿವಾಸಪುರದ ಮೇಲೆ ಹೋಗುವ ಆ ಪುಟ್ಟ ಗಾಡಿಯನ್ನು ಪ್ರಾಯವೆಲ್ಲ ಓಡಿಸಿ, ಆ ವರ್ಷ ನಿವೃತ್ತರಾಗಿ, ಮಾಲೂರಿನಲ್ಲಿ ಒಂದು ಸಣ್ಣ ಮನೆ ಕಟ್ಟಿಸುತ್ತಿದ್ದರು. ಅಗಲ ಎದೆ, ದಪ್ಪ ಮೀಸೆ, ಇಂಜಿನ್ನಿನ ಸದ್ದನ್ನು ಮೀರಿ ಕೂಗಿ ಕೂಗಿ ಬಲಿತ ಗಂಟಲು. ಮೇಷ್ಟ್ರ ಕೆಲಸವೆಂದರೆ ನೆರಳಿನಲ್ಲಿ ಕೂತು ಮಾಡುವಂಥದ್ದು ಎಂಬುದು ಅವರ ಅಭಿಪ್ರಾಯ. ಅದನ್ನು ಅವರು ಎಂದೂ ನನ್ನೆದುರಿಗೆ ಹೇಳಿದವರಲ್ಲ. ಪಕ್ಕದ ಕೋಣೆಯಲ್ಲಿ ಹೇಳುತ್ತಿದ್ದರು. ಆ ಗಂಟಲಿಗೆ ಪಕ್ಕದ ಕೋಣೆ ಯಾವ ಲೆಕ್ಕ!

ಅಂಥ ಮಾವ ನಿವೃತ್ತರಾದ ಮೇಲೆ ಮಾತೇ ಬಿಟ್ಟರು. ತವರಿಗೆ ಹೋಗಿಬಂದ ಜಯಮ್ಮ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದಳು. ಅವಳ ಮನೆಯಲ್ಲಿ ತೆಲುಗು ಮಾತು, ತಂದೆಯನ್ನು ನಾಯ್ನ ಎನ್ನುತ್ತಿದ್ದಳು. ನಾಯ್ನ ಊಟವನ್ನು ಅರ್ಧಕ್ಕೇ ಬಿಟ್ಟು ಏಳುತ್ತಾರಂತೆ. ಮಾಲೂರಿನಲ್ಲಿ ದೊಡ್ಡ ರೈಲು ಕೂಗಿದಾಗಲೆಲ್ಲ ಬಾಗಿಲಿಗೆ ಹೋಗಿ ನಿಲ್ಲುತ್ತಾರಂತೆ. "ಇದು ನಮ್ ಕೂಗಲ್ಲ" ಎಂದು ಹೇಳಿ ಒಳಗೆ ಬಂದು ಕೂರುತ್ತಾರಂತೆ.

ಅವರ ಇಂಜಿನ್ನನ್ನೇ ಮರದಲ್ಲಿ ಮಾಡಿಸಿ ಗೃಹಪ್ರವೇಶದ ದಿನ ಕೊಡೋಣ ಎಂಬ ಯೋಚನೆ ಜಯಮ್ಮನದು. ನಮ್ಮೂರಿನ ಆಚಾರಿಗಳು ದಿನಾ ಸ್ಟೇಷನ್ನಿಗೆ ಹೋಗಿ ನೋಡಿಬಂದು, ಹಲಸಿನ ಮರದಲ್ಲಿ ಮೊಳದುದ್ದದ ಇಂಜಿನ್ನು ಕೆತ್ತಿಕೊಟ್ಟರು. ಕೊಳವೆ, ಗಂಟೆ, ಡ್ರೈವರು ನಿಲ್ಲುವ ಜಾಗ, ತಿರುಗುವ ಚಕ್ರ, ಎಲ್ಲವೂ ಇದ್ದವು. ಉಳಿದದ್ದು ಬಣ್ಣವೊಂದೇ. ಅಮ್ಮನಿಗೆ ಸಹಾಯ ಮಾಡಲು ಜಯಮ್ಮ ಮುಂಚೆಯೇ ಮಾಲೂರಿಗೆ ಹೊರಟಳು. ಹೊರಡುವಾಗ ಒಂದು ವೀಳ್ಯದೆಲೆ ತಂದು ನನ್ನ ಕೈಗೆ ಕೊಟ್ಟಳು.

"ನಾಯ್ನನ ಇಂಜಿನ್ನು ಈ ಬಣ್ಣ. ಎಳೆ ಎಲೆ ಅಲ್ಲ, ಇಂಥ ಬಲಿತ ಎಲೆ. ಇದನ್ನ ಜೇಬಲ್ಲಿಟ್ಕೊಂಡು ಹೋಗಿ, ಕೋಲಾರದ ಅಂಗಡೀಲಿ ಪಕ್ಕದಲ್ಲಿ ಹಿಡಿದು ನೋಡಿ ತಗೊಳ್ರಿ."

ಎಲೆಯನ್ನು ಕರವಸ್ತ್ರದಲ್ಲಿ ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಭಾನುವಾರ ರೈಲು ಹತ್ತಿದೆ. ಎದುರಿಗೆ ಸುಗಟೂರಿನ ಒಬ್ಬ ರೈತರು ಕೂತಿದ್ದರು. ಬಹಳ ಒಳ್ಳೆಯ ಮನುಷ್ಯರು. ಮಳೆ, ತರಕಾರಿ, ಹಸು ಎಂದು ಮಾತು ಬೆಳೆಯಿತು. ಅವರು ಸಂಚಿ ಬಿಚ್ಚಿ ಅಡಿಕೆ, ಸುಣ್ಣ ತೆಗೆದು, ಎಲೆ ಮನೆಯಲ್ಲೇ ಮರೆತು ಬಂದೆನೆಂದು ಪೇಚಾಡಿದರು. ಅವರ ಮುಖ ನೋಡಲಾಗಲಿಲ್ಲ. ಜೇಬಿನಿಂದ ಎಲೆ ತೆಗೆದು, ಅರ್ಧ ಅವರಿಗೆ ಕೊಟ್ಟು, ಅರ್ಧ ನಾನು ಹಾಕಿಕೊಂಡೆ. ಕೋಲಾರ ಬಂದಾಗ ಬಾಯಿ ಮುಕ್ಕಳಿಸಲು ನಲ್ಲಿಯ ಹತ್ತಿರ ಹೋದವನಿಗೆ ನೆನಪಾಯಿತು. ನಾನು ಉಗಿದದ್ದು ಮಾವನ ಇಂಜಿನ್ನಿನ ಬಣ್ಣ!

ಎದೆಗುಂದಲಿಲ್ಲ. ಎಲೆ ಹೋದರೇನು, ಇಂಜಿನ್ನೇ ಎದುರಿಗೆ ನಿಂತಿದೆಯಲ್ಲ! ಹತ್ತಿರ ಹೋದೆ. ಮೈತುಂಬ ಮಸಿ. ಒಳಗಿನ ಬಣ್ಣ ಕಾಣಲೆಂದು ಉತ್ತರೀಯದ ಸೆರಗಿನಿಂದ ಒಂದು ಕಡೆ ಉಜ್ಜಿದೆ. ಇಂಜಿನ್ನು ಬಿಸಿಯಾಗಿರುತ್ತದೆ ಎಂಬ ಪಾಠವನ್ನು ನಾನೇ ಮಕ್ಕಳಿಗೆ ಮಾಡಿದ್ದೆ. ಬೆರಳು ಸುಟ್ಟಿತು, ಉತ್ತರೀಯ ಎಣ್ಣೆಯಾಯಿತು. ಆದರೂ ಅಂಗೈಯಗಲ ಜಾಗದಲ್ಲಿ ಬಣ್ಣ ಹೊರಬಿತ್ತು. ಅದನ್ನು ಚೆನ್ನಾಗಿ ನೋಡಿ ಕಣ್ಣಲ್ಲಿ ತುಂಬಿಕೊಂಡೆ. ಬೇರೇನಾದರೂ ನೋಡಿದರೆ ಅಳಿಸಿಹೋದೀತೆಂದು ತಲೆ ತಗ್ಗಿಸಿಕೊಂಡೇ ಬಣ್ಣದ ಅಂಗಡಿಗೆ ನಡೆದೆ.

ಅಂಗಡಿಯ ಸಾಹೇಬರು ಮರ್ಯಾದೆಯಿಂದ ಕೂರಿಸಿ, ಯಾವ ಬಣ್ಣ ಬೇಕು ಎಂದು ಕೇಳಿದರು. ಹೆಸರು ಹೇಳಬೇಕಾಗಿಲ್ಲ, ಕಣ್ಣಲ್ಲೇ ಇದೆ, ನೀವು ತೋರಿಸುತ್ತಾ ಹೋಗಿ ಎಂದೆ. ಅವರು ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. ನಾನು ಒಂದಕ್ಕೆ ತೆಳುವಾಯಿತು ಎಂದೆ, ಇನ್ನೊಂದಕ್ಕೆ ಗಾಢವಾಯಿತು ಎಂದೆ. ಕೊನೆಗೆ ಮೂಲೆಯಲ್ಲಿದ್ದ ಒಂದು ಡಬ್ಬಿ ತೆಗೆದಾಗ ನನ್ನ ಮನಸ್ಸು ಅರಳಿತು. ಬಲಿತ ವೀಳ್ಯದೆಲೆ, ಸಾಕ್ಷಾತ್!

"ಕಿಟಕಿ ಸರಳಿಗಾ, ಸ್ವಾಮಿ?" ಎಂದು ಸಾಹೇಬರು ಕೇಳಿದರು.

ಇಂಜಿನ್ನಿಗೆ ಎಂದೆ. ಅವರು ಒಂದು ಗಳಿಗೆ ನನ್ನನ್ನು ನೋಡಿ, ಕಬ್ಬಿಣಕ್ಕೆ ಒಳ್ಳೆಯದೇ ಎಂದು ಡಬ್ಬಿ ಕಟ್ಟಿಕೊಟ್ಟರು. ವ್ಯಾಪಾರಿಗಳಿಗೆ ಬಣ್ಣಗಳ ಸೂಕ್ಷ್ಮ ಎಲ್ಲಿಂದ ತಿಳಿಯಬೇಕು ಎಂದುಕೊಂಡು ಹೊರಬಂದೆ.

ಮಾರನೆಯ ದಿನದಿಂದ ಶಾಲೆ ಬಿಟ್ಟ ಕೂಡಲೇ ಹಿತ್ತಲಿನಲ್ಲಿ ಬಣ್ಣ ಹಚ್ಚಲು ಕೂತೆ. ಒಂದು ಸಲ ಹಚ್ಚಿ ಒಣಗಿಸಿ, ಉಜ್ಜಿ, ಮತ್ತೆ ಹಚ್ಚಿದೆ. ನನ್ನ ಜೀವಮಾನದಲ್ಲಿ ಯಾವ ಕೆಲಸವನ್ನೂ ಅಷ್ಟು ಶ್ರದ್ಧೆಯಿಂದ ಮಾಡಿದವನಲ್ಲ. ಪಕ್ಕದ ಮನೆಯ ಅಜ್ಜಿ ಗೋಡೆಯ ಮೇಲಿಂದ ಬಗ್ಗಿ ನೋಡಿ, "ಏನ್ ಮೇಷ್ಟ್ರೇ, ಮಣೆಗೆ ಕೆಮ್ಮಣ್ಣು ಬಳೀತಾ ಇದ್ದೀರಾ?" ಎಂದು ಕೇಳಿತು. ಪಾಪ, ಅಜ್ಜಿಗೆ ಕಣ್ಣಿನ ಪೊರೆ. ಹಸಿರು ಕೂಡ ಕೆಮ್ಮಣ್ಣಾಗಿ ಕಾಣುವ ಸ್ಥಿತಿಗೆ ಬಂತಲ್ಲ ಎಂದು ನನಗೆ ನಿಜವಾಗಿಯೂ ಮರುಕವಾಯಿತು. ಬೆಂಗಳೂರಿನಲ್ಲಿ ಕಣ್ಣಿಗೆ ಒಳ್ಳೆಯ ಡಾಕ್ಟರಿದ್ದಾರೆ ಎಂದು ಬುದ್ಧಿವಾದ ಹೇಳಿದೆ. ಅಜ್ಜಿ ನನ್ನನ್ನೇ ಬಹಳ ಹೊತ್ತು ನೋಡುತ್ತಾ ನಿಂತಿತ್ತು.

ಗೃಹಪ್ರವೇಶಕ್ಕೆ ಇಂಜಿನ್ನನ್ನು ಹೊಸ ಟವಲಿನಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ಸಣ್ಣ ರೈಲು, ದೊಡ್ಡ ರೈಲು ಎರಡನ್ನೂ ದಾಟಿಸಿ ಮಾಲೂರಿಗೆ ತಂದೆ. ಜಯಮ್ಮ ಬಾಗಿಲಲ್ಲೇ ಕಾದಿದ್ದಳು. ಒಂದು ಸಲ ತೋರಿಸಿ ಎಂದು ಗೋಗರೆದಳು. ಎಲ್ಲರ ಜೊತೆ ನೋಡು ಎಂದು ಬಿಗಿಯಾಗಿ ಹೇಳಿದೆ. ಆಗ ತೋರಿಸಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಪೂಜೆ ಮುಗಿಯಿತು. ನೆಂಟರೂ ಮಾವನ ರೈಲಿನ ಹಳೆಯ ಸ್ನೇಹಿತರೂ ಪಡಸಾಲೆಯ ತುಂಬ ಕೂತಿದ್ದರು. ಮಾವ ಮಾತ್ರ ಯಾರದೋ ಮನೆಗೆ ಬಂದವರ ಹಾಗೆ ಕಂಬಕ್ಕೆ ಒರಗಿದ್ದರು. ಅವರ ಮುಂದೆ ಮಣೆಯ ಮೇಲೆ ಇಂಜಿನ್ನು ಇಟ್ಟು, ನಾಲ್ಕು ಮಾತಾಡಿದೆ. ನಿಮ್ಮ ಜೀವದ ಇಂಜಿನ್ನು, ಬಣ್ಣವೂ ಕೂಡ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅದೇ ಬಣ್ಣ, ಎಂದು ಹೇಳಿ ಟವಲು ತೆಗೆದೆ.

ಪಡಸಾಲೆ ಮೌನವಾಯಿತು. ಆನಂದದ ಮೌನವೆಂದು ನಾನು ತಿಳಿದೆ. ಜಯಮ್ಮನ ಕಡೆ ನೋಡಿದರೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅದೂ ಆನಂದವೇ ಎಂದುಕೊಂಡೆ.

ಮಾವ ನೆಲದ ಮೇಲೆ ಕೂತರು. ಕೊಳವೆ ಮುಟ್ಟಿದರು, ಗಂಟೆ ಮುಟ್ಟಿದರು, ಬೆರಳಿನಿಂದ ಚಕ್ರ ತಿರುಗಿಸಿದರು. ಅವರ ಕಣ್ಣುಗಳು ತುಂಬಿದ್ದವು. ಆಮೇಲೆ ತಲೆಯೆತ್ತಿ, ಸ್ನೇಹಿತರ ಕಡೆ ತಿರುಗಿ, ಎಷ್ಟೋ ದಿನದ ಮೇಲೆ ತಮ್ಮ ಹಳೆಯ ದನಿಯಲ್ಲಿ ಮಾತಾಡಿದರು.

"ವರ್ಕ್‌ಷಾಪಿಂದ ಇಂಜಿನ್ನು ಬರೋವಾಗ ಮೊದ್ಲು ಹಿಂಗೇ ಕೆಂಪು ಹಚ್ತಾರೆ. ತುಕ್ಕು ಹಿಡೀದಂಗೆ. ಅದರ ಮೇಲೆ ಹಸಿರು. ಹಸಿರು ನನ್ ಕೈಯಿಂದ್ಲೇ ಹಚ್ಲಿ ಅಂತ ನಮ್ ಅಳಿಯಂದ್ರು ಹಂಗೇ ಬಿಟ್ಟು ತಂದವ್ರೆ."

ಎಲ್ಲರೂ ಓಹೋ ಎಂದು ತಲೆದೂಗಿದರು. ಎಂಥ ಬುದ್ಧಿವಂತ ಅಳಿಯ ಎಂದು ಒಬ್ಬರು ಹೇಳಿಯೂಬಿಟ್ಟರು. ಅಲ್ಲಿಗೆ ಸುಮ್ಮನಿದ್ದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಸತ್ಯ ಹೇಳುವುದು ಮೇಷ್ಟ್ರ ಧರ್ಮವಲ್ಲವೇ?

"ಇಲ್ಲ ಮಾವ," ಎಂದೆ ನಾನು. "ಕೆಂಪು ಹಚ್ಚೇ ಇಲ್ಲ. ನಾನು ನೇರವಾಗಿ ಹಸಿರನ್ನೇ ಹಚ್ಚಿದ್ದೀನಿ, ನೋಡಿ."

ಆ ದಿನದ ನಗುವನ್ನು ನಾನು ವರ್ಣಿಸಲಾರೆ. ರೈಲಿನವರು ತೊಡೆ ತಟ್ಟಿಕೊಂಡು ನಕ್ಕರು. ಅಡಿಗೆಯವರು ಸೌಟು ಹಿಡಿದು ಬಂದು, ವಿಷಯ ಕೇಳಿಕೊಂಡು ನಕ್ಕರು. ನಾನು ಇಂಜಿನ್ನನ್ನೂ ಅವರ ಮುಖಗಳನ್ನೂ ನೋಡುತ್ತಾ, ಹಾಸ್ಯ ಎಲ್ಲಿದೆ ಎಂದು ಹುಡುಕುತ್ತಿದ್ದೆ. ನಗದಿದ್ದವರು ಮಾವ ಒಬ್ಬರೇ. ಅವರು ಎದ್ದು ನನ್ನ ಭುಜ ಹಿಡಿದು, "ಬನ್ನಿ ಮೇಷ್ಟ್ರೇ" ಎಂದು ಹಿತ್ತಲಿಗೆ ಕರೆದುಕೊಂಡು ಹೋದರು. ನೆರಳಿನಲ್ಲಿ ಕೂತು ಮಾಡುವ ಕೆಲಸದ ಬಗ್ಗೆ ಈಗ ನನ್ನೆದುರಿಗೇ ಹೇಳುತ್ತಾರೆ ಎಂದು ಎದೆ ಗಟ್ಟಿಮಾಡಿಕೊಂಡೆ.

ಅವರು ಬೈಯಲಿಲ್ಲ. ಅತ್ತೆಯವರು ಹೊಸ ಬಾಗಿಲಿಗೆ ಉಣ್ಣೆಯ ತೋರಣ ಹೆಣೆದು ಉಳಿದಿದ್ದ ದಾರಗಳ ಬುಟ್ಟಿಯನ್ನು ತರಿಸಿದರು. ಅದನ್ನು ಕಲ್ಲಿನ ಮೇಲೆ ಸುರಿದು, ಇದರಲ್ಲಿ ಹಸಿರೆಲ್ಲ ಆರಿಸಿ ಒಂದು ಕಡೆ ಇಡಿ ಎಂದರು. ಪರೀಕ್ಷೆಯೆಂದರೆ ನನಗೆ ಎಂದೂ ಭಯವಿಲ್ಲ. ಸರಸರನೆ ಆರಿಸಿಟ್ಟೆ. ಮಾವ ನನ್ನ ಗುಡ್ಡೆಯನ್ನು ನೋಡಿದರು. ಅದರಿಂದ ಒಂದೊಂದೇ ಎಳೆ ತೆಗೆದು ಬೇರೆ ಇಡತೊಡಗಿದರು. ಕೊನೆಗೆ ನನ್ನ ಗುಡ್ಡೆಯಲ್ಲಿ ಬಹಳ ಕಡಿಮೆ ಉಳಿಯಿತು.

"ರೈಲಿಗೆ ಸೇರೋವಾಗ ನಮಗೆ ಹಿಂಗೇ ಉಣ್ಣೆ ಕೊಟ್ಟು ಆರಿಸು ಅಂತಿದ್ರು," ಎಂದರು ಮಾವ. "ನಾನೂ ನನ್ ತಮ್ಮಾನೂ ಒಟ್ಟಿಗೇ ಹೋಗಿದ್ವಿ. ಅವನು ನಿಮ್ಮಂಗೇ ಇಟ್ಟ. ನಿಮ್ ಕಣ್ಣು ಚೆನ್ನಾಗೇ ಐತೆ ಮೇಷ್ಟ್ರೇ, ಕೆಂಪು ಹಸಿರು ಎರಡೂ ಒಂದೇ ತರ ಕಾಣ್ತದೆ, ಅಷ್ಟೇ. ಹುಟ್ಟಿದ್ದೇ ಹಂಗೆ. ಅವನು ಇಂಜಿನ್ ಹತ್ತೋಕಾಗ್ಲಿಲ್ಲ ಅಂತ ಅಳ್ತಾ ಕೂತಿದ್ದ. ನಾನು ಹೆಂಗೆ ಸಮಾಧಾನ ಮಾಡ್ಬೇಕು ಅಂತ ಗೊತ್ತಾಗದೆ ರೇಗಿಬಿಟ್ಟೆ."

ಹೊರಗೆ ದೊಡ್ಡ ರೈಲು ಕೂಗಿತು. ಮಾವ ಏಳಲಿಲ್ಲ. ನನ್ನ ಭುಜದ ಮೇಲೆ ಮತ್ತೆ ಕೈಯಿಟ್ಟರು.

ನನಗೆ ಅಷ್ಟು ಸುಲಭವಾಗಿ ನಂಬಿಕೆ ಬರಲಿಲ್ಲ. ಜಯಮ್ಮನನ್ನು ಒಲೆಯ ಹತ್ತಿರ ಹಿಡಿದು, ಮದುವೆಯಾದ ಹೊಸತರಲ್ಲಿ ನಾನು ತಂದ ಆ ಗಿಳಿಹಸಿರು ಸೀರೆಯಾದರೂ ಹಸಿರು ತಾನೇ ಎಂದು ಕೇಳಿದೆ. ಅವಳು ಒಲೆಯ ಸೌದೆಯನ್ನು ಅನಾವಶ್ಯಕವಾಗಿ ಮುಂದಕ್ಕೆ ತಳ್ಳಿದಳು.

"ಅದು ಕಾಚಿನ ಕಂದು ಬಣ್ಣ ಕಣ್ರೀ," ಎಂದಳು ಮೆಲ್ಲಗೆ. "ಅಂಗಡಿಯೋರು ನಿಮಗೆ ಮೋಸ ಮಾಡಿದಾರೆ ಅಂದ್ಕೊಂಡೆ. ನೀವು ಅಷ್ಟು ಆಸೆಯಿಂದ ತಂದಿದ್ರಿ. ಹೇಳೋಕೆ ಮನಸ್ಸಾಗ್ಲಿಲ್ಲ."

ಆ ಸೀರೆಯುಟ್ಟು ಅವಳು ಎಷ್ಟು ಮದುವೆಗಳಿಗೆ ನನ್ನ ಜೊತೆ ಬಂದಿದ್ದಳು! ಗಿಳಿಯ ಹಾಗೆ ಕಾಣುತ್ತೀಯೆ ಎಂದು ನಾನು ಹೇಳಿದಾಗಲೆಲ್ಲ ನಾಚಿದ್ದಳು. ಇನ್ನೊಂದು ಸೀರೆ ತರುತ್ತೇನೆ ಎಂದೆ. ಜೊತೆಗೆ ನಾನೂ ಬರುತ್ತೇನೆ ಎಂದಳು.

ಮಾರನೆಯ ಬೆಳಿಗ್ಗೆ ಮಾವ ಪಂಚೆ ಎತ್ತಿ ಕಟ್ಟಿ ಹಿತ್ತಲಲ್ಲಿ ಕೂತರು. ಬಣ್ಣದ ಪುಡಿ, ಅಗಸೆ ಎಣ್ಣೆ ಎಲ್ಲ ಬಂದವು. ಹಸಿರಿಗೆ ಒಂದಿಷ್ಟು ಕಪ್ಪು ಬೆರೆಸಿದರು, ಕಣ್ಣು ಕಿರಿದುಮಾಡಿ ನೋಡಿದರು, ಸಾಲದು ಎಂದು ಇನ್ನೊಂದಿಷ್ಟು ಬೆರೆಸಿದರು. ನನ್ನನ್ನು ಡ್ರೈವರ ಕೈಕೆಳಗೆ ಬೆಂಕಿ ನೋಡಿಕೊಳ್ಳುವ ಫೈರ್‌ಮನ್ ಆಗಿ ನೇಮಿಸಿಕೊಂಡರು. ಕಲಕುವುದು, ಕುಂಚ ತೊಳೆಯುವುದು, ಕೇಳಿದ ಡಬ್ಬಿ ಕೊಡುವುದು ನನ್ನ ಕೆಲಸ. ಹಸಿರು ಕೇಳಿದಾಗ ನಾನು ಕೆಂಪು ಕೊಟ್ಟೆ. ಅವರು ಬೀದಿಗೆಲ್ಲ ಕೇಳುವ ಹಾಗೆ ಗದರಿದರು. ಮುಂದಿನ ಅಡ್ಡಪಟ್ಟಿಗೆಂದು ಕೆಂಪು ಕೇಳಿದಾಗ ಹಸಿರು ಕೊಟ್ಟೆ. ಇನ್ನೂ ಜೋರಾಗಿ ಗದರಿದರು. ಅಡಿಗೆಮನೆಯಲ್ಲಿ ಅತ್ತೆಯವರು ಆ ಗದರಿಕೆ ಕೇಳಿ ಕಣ್ಣೊರೆಸಿಕೊಂಡು ನಕ್ಕರಂತೆ. ಆಮೇಲೆ ಡಬ್ಬಿಗಳನ್ನು ಅವುಗಳ ಮೇಲಿನ ನೆಗ್ಗು ನೋಡಿ ಗುರುತಿಟ್ಟುಕೊಂಡೆ. ಮಧ್ಯಾಹ್ನ ಮಾವ ಎರಡನೆಯ ಮುದ್ದೆ ಹಾಕಿಸಿಕೊಂಡು ಉಂಡರು.

ಸಂಜೆಗೆ ಕೆಲಸ ಮುಗಿಯಿತು. ಇಂಜಿನ್ನನ್ನು ಮಣೆಯ ಮೇಲೆ ಇಳಿಬಿಸಿಲಿಗೆ ಇಟ್ಟು ಎಲ್ಲರೂ ಸುತ್ತ ನಿಂತೆವು. ಅತ್ತೆಯವರು ಥೇಟ್ ಅದೇ ಎಂದರು. ಜಯಮ್ಮ ನಾಯ್ನನ ತೋಳು ಹಿಡಿದುಕೊಂಡು ನಿಂತಿದ್ದಳು. ಮಾವ ಕೈಯೊರೆಸಿಕೊಳ್ಳುತ್ತಾ ನನ್ನ ಕಡೆ ತಿರುಗಿ, "ಹೆಂಗೈತೆ ಮೇಷ್ಟ್ರೇ?" ಎಂದು ಕೇಳಿದರು.

ನಾನು ಹಿಂದೆ ಸರಿದು ನೋಡಿದೆ. ಪಕ್ಕಕ್ಕೆ ಬಂದು ನೋಡಿದೆ. ಬಗ್ಗಿಯೂ ನೋಡಿದೆ. ಆಮೇಲೆ ಗಂಟಲು ಸರಿಪಡಿಸಿಕೊಂಡು, ಈಗ ಸರಿಯಾಯಿತು ಮಾವ, ಭೂಮಿಗೂ ಆಕಾಶಕ್ಕೂ ಇರುವಷ್ಟು ವ್ಯತ್ಯಾಸ ಎಂದೆ.

ನನ್ನ ಕಣ್ಣಿಗೆ ಅದು ನಿನ್ನೆ ಹೇಗಿತ್ತೋ ಹಾಗೆಯೇ ಇತ್ತು.