ಆ ಹುಡುಗಿ ರೈಲಿನಿಂದ ಇಳಿದಳೇ?

ಕೆಲವರ ಅಂಗಡಿಗೆ ಗಿರಾಕಿಗಳು ಬರುತ್ತಾರೆ, ನನ್ನ ಅಂಗಡಿಗೆ ಇಂಥ ಪ್ರಸಂಗಗಳು ಬರುತ್ತವೆ. ಬೀದರಿನ ಚೌಬಾರಾ ಗೋಪುರದಿಂದ ಕೂಗಳತೆಯಲ್ಲಿರುವ ಸಣ್ಣ ಅಂಗಡಿ ನನ್ನದು. ಒಂದು ಕಾಲದಲ್ಲಿ ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದೆ, ಆಮೇಲೆ ಡಿಸ್ಕು ಮಾರಿದೆ. ಈಗ ಸಿನೆಮಾವೆಲ್ಲ ಜನರ ಅಂಗೈಯಲ್ಲೇ ಇರುವುದರಿಂದ ಮದುವೆಯ ವಿಡಿಯೊ ತೆಗೆದು ಡಿಸ್ಕಿಗೆ ಹಾಕಿಕೊಡುತ್ತ ಕಾಲ ಕಳೆಯುತ್ತಿದ್ದೇನೆ. ಸಿನೆಮಾ ಕೇಳಿಕೊಂಡು ನನ್ನ ಅಂಗಡಿಗೆ ಬರುವವರು ಒಬ್ಬರೇ ಉಳಿದಿದ್ದರು. ಅವರು ಔರಾದದ ನಿವೃತ್ತ ಡ್ರಾಯಿಂಗ್ ಮಾಸ್ತರು. ಅವರು ಕೇಳುತ್ತಿದ್ದುದೂ ಒಂದೇ ಸಿನೆಮಾ.

೧. ಬಸ್ಸು ಕಾಯುವುದಿಲ್ಲ

ಮಾಸ್ತರಿಗೆ ಹೊಸದಾಗಿ ಮದುವೆಯಾದ ಕಾಲ. ಬೀದರಿನಲ್ಲಿ ಸಿನೆಮಾ ಹುಚ್ಚಿನ ನಾಲ್ಕು ಜನ ಸೇರಿ ಒಂದು ಶಾಲೆಯ ಹಾಲ್‌ನಲ್ಲಿ ಪರದೇಶದ ಸಿನೆಮಾ ತೋರಿಸುತ್ತಿದ್ದರಂತೆ. ಒಂದು ಸಂಜೆ ಅವರು ತೋರಿಸಿದ್ದು ಯಾವುದೋ ಹಿಮದ ದೇಶದ ಕಪ್ಪುಬಿಳುಪು ಚಿತ್ರ. ಅದರ ಹೆಸರನ್ನು ಮಾಸ್ತರು ಒಂದೊಂದು ಸಲ ಒಂದೊಂದು ರೀತಿ ಹೇಳುತ್ತಿದ್ದರು. ಕೊನೆಗೆ ನಮ್ಮ ಬಾಯಲ್ಲಿ ಅದು ‘ಗೇಟಿನ ಸಿನೆಮಾ’ ಆಯಿತು.

ಕಥೆ ಇಷ್ಟೇ. ರೈಲ್ವೆ ಗೇಟು ಕಾಯುವ ಒಬ್ಬ ಮುದುಕ. ಅವನ ಮಗಳು ಎಂದೋ ಜಗಳವಾಡಿ ರೈಲು ಹತ್ತಿ ಹೋಗಿದ್ದಾಳೆ. ದಿನವೂ ರೈಲು ಬರುತ್ತದೆ, ಗೇಟು ಹಾಕುತ್ತಾನೆ, ಮಗಳು ಬರುವುದಿಲ್ಲ. ಕೊನೆಗೆ ಆ ಲೈನೇ ಮುಚ್ಚುವ ದಿನ ಬರುತ್ತದೆ. ಕೊನೆಯ ರೈಲು ಬರುತ್ತದೆ, ಎಂದೂ ನಿಲ್ಲದ್ದು ಅಂದು ಗೇಟಿನ ಹತ್ತಿರ ನಿಲ್ಲುತ್ತದೆ. ಡಬ್ಬಿಯ ಬಾಗಿಲು ತೆರೆಯುತ್ತದೆ.

ಅಷ್ಟರಲ್ಲಿ ಔರಾದದ ಕೊನೆಯ ಬಸ್ಸಿನ ಹೊತ್ತಾಯಿತು. ಔರಾದಕ್ಕೆ ರೈಲಿಲ್ಲ. ಬಸ್ಸು ತಪ್ಪಿದರೆ ಬೀದರಿನ ಸ್ಟ್ಯಾಂಡಿನಲ್ಲೇ ಹಾಸಿಗೆ. ಮಾಸ್ತರು ಎದ್ದು ಓಡಿದರು.

ಮನೆಗೆ ಹೋಗಿ ಹೊಸ ಹೆಂಡತಿಗೆ ಕಥೆಯನ್ನೆಲ್ಲ ರಸವತ್ತಾಗಿ ಹೇಳಿದರು. ಆಕೆ ರೊಟ್ಟಿ ಬಡಿಯುವುದು ಬಿಟ್ಟು ಕೇಳಿದಳಂತೆ.

“ಮುಂದ? ಆ ಹುಡುಗಿ ಇಳದಳೋ ಇಲ್ಲೋ?”

“ಗೊತ್ತಿಲ್ಲ. ನಾ ಎದ್ದು ಬಂದೆ.”

“ಒಂದು ಹೆಣ್ಣುಮಗಳು ಬಾಗಲದಾಗ ನಿಂತಾಳ, ನೀವು ಎದ್ದು ಬಂದ್ರಿ?”

ಆ ರಾತ್ರಿ ಶುರುವಾದ ಜಗಳ ಮೂವತ್ತು ವರ್ಷದಾಚೆಯೂ ಮುಗಿದಿರಲಿಲ್ಲ. ಮಾಸ್ತರು ಯಾವ ಕೆಲಸ ಅರ್ಧಕ್ಕೆ ಬಿಟ್ಟರೂ ನಾವೆಲ್ಲ ಕಾಕು ಎಂದು ಕರೆಯುವ ಆ ಹೆಂಡತಿಯ ಮಾತು ಒಂದೇ: “ಇವರು ಮದಲಿಂದೂ ಹಂಗೇ.”

೨. ಕಂಡಕ್ಟರ್ ಸಾಹೇಬರ ಡ್ಯೂಟಿ

ಮಾಸ್ತರು ನನ್ನಲ್ಲಿಗೆ ಬಂದು ಈ ಚಿತ್ರ ಕೇಳಿದಾಗ ನಾನು ಎಲ್ಲ ಕಡೆ ಹುಡುಕಿದೆ. ಕ್ಯಾಸೆಟ್ಟು ಬಂದೇ ಇರಲಿಲ್ಲ. ನೆಟ್‌ನಲ್ಲಿ ನಾಯಿ ಸೀನಿದ್ದೂ ಸಿಗುತ್ತದೆ, ಇದು ಸಿಗಲಿಲ್ಲ. ಕೊನೆಗೆ ಪರದೇಶದ ಒಂದು ಕಂಪನಿ ಈ ಚಿತ್ರದ ಡಿಸ್ಕು ತರುತ್ತಿದೆ ಎಂಬ ಸುದ್ದಿ ಕಣ್ಣಿಗೆ ಬಿತ್ತು. ನಾನೂ ಒಂದಕ್ಕೆ ಹೇಳಿಟ್ಟು ಮಾಸ್ತರಿಗೆ ತಿಳಿಸಿದೆ. ಅದೇ ನಾನು ಮಾಡಿದ ತಪ್ಪು.

ಮಾಸ್ತರಿಗೆ ಫೋನಿನ ಮೇಲೆ ಭರವಸೆ ಇಲ್ಲ. ಔರಾದದಲ್ಲಿ ಔಷಧ, ಹೊಲಿದ ಕುಪ್ಪಸ, ಬುತ್ತಿ, ಬೈಗುಳ ಎಲ್ಲವೂ ಬಸ್ ಕಂಡಕ್ಟರ್ ಕೈಯಲ್ಲೇ ಓಡಾಡುತ್ತವೆ. ನನ್ನ ಡಿಸ್ಕಿನ ವಿಚಾರಣೆಯೂ ಅದೇ ದಾರಿ ಹಿಡಿಯಿತು. ಔರಾದ ಬಸ್ಸಿನ ಕಂಡಕ್ಟರ್ ಒಬ್ಬ ಹಸನ್ಮುಖಿ ಸಾಹೇಬರು. ಬಸ್ಸು ನಿಲ್ಲಿಸಿ, ಚಹಾ ಕುಡಿದು, ದಿನವೂ ನನ್ನ ಅಂಗಡಿಗೆ ಇಣುಕತೊಡಗಿದರು.

“ಸೇಠ್ರ, ಮಾಸ್ತರು ಕೇಳ್ಯಾರ. ಬಂತೇನ್ರಿ?”

“ಇನ್ನಾ ಇಲ್ರಿ.”

ಕೆಲವು ದಿನಗಳಾದ ಮೇಲೆ ಅವರು ಮಾಸ್ತರ ಹೆಸರು ಹೇಳುವುದನ್ನೂ ಬಿಟ್ಟರು. “ಬಂತೇನ್ರಿ?” ಅಷ್ಟೇ. ಆಮೇಲೆ ಮಾತೂ ನಿಂತಿತು, ಹುಬ್ಬು ಮಾತ್ರ ಏರಿಸುತ್ತಿದ್ದರು, ನಾನು ತಲೆ ಅಲ್ಲಾಡಿಸುತ್ತಿದ್ದೆ. ಪಕ್ಕದ ಚಹಾದವನು ಒಂದು ದಿನ ನನ್ನನ್ನು ಮರೆಗೆ ಕರೆದು, “ಸೇಠ್, ನಿಮ್ಮ ಹುಡುಗಗ ಔರಾದದ ಹೆಣ್ಣ ಯಾಕ ಬ್ಯಾಡ? ಔರಾದದವ್ರು ರೋಜ್ ಕೇಳ್ಸ್ಲಿಕತ್ತಾರ, ನೀವು ರೋಜ್ ಬ್ಯಾಡ ಅನ್ಲಿಕತ್ತೀರಿ. ಸೊಕ್ಕು ಛಲೋ ಅಲ್ರಿ,” ಎಂದು ಬುದ್ಧಿ ಹೇಳಿದ.

೩. ತೊಳೆಯುತ್ತಿದ್ದಾರೆ

ಕಂಪನಿಯವರು ತಾರೀಕು ಮುಂದೆ ಹಾಕಿದರು. ಸಿನೆಮಾದ ಹಳೆಯ ಸುರುಳಿ ಯಾವುದೋ ನೆಲಮಾಳಿಗೆಯಲ್ಲಿ ಸಿಕ್ಕಿದೆ, ಧೂಳು ಬೂಷ್ಟು ತೆಗೆದು ಒಂದೊಂದೇ ಚಿತ್ರ ಸ್ವಚ್ಛ ಮಾಡುತ್ತಿದ್ದೇವೆ ಎಂದು ಪತ್ರ ಬರೆದರು. ಮತ್ತೆ ಮುಂದೆ ಹಾಕಿದರು. ಮತ್ತೆಯೂ ಅದೇ ಕಾರಣ. ಹೀಗೇ ಎರಡು ವರ್ಷ ಹೋಯಿತು.

ಈ ನಡುವೆ ಒಂದು ದಿನ ಮಾಸ್ತರು ಕಾಕುವನ್ನೂ ಕರೆದುಕೊಂಡು ಬಂದರು. ಬೀದರಿನಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದರು. ಕಾಕುವಿನ ಒಂದು ಕಣ್ಣು ಮೊದಲೇ ಮಬ್ಬು. ಇನ್ನೊಂದರ ನರವೂ ಒಣಗುತ್ತಿದೆ, ಹನಿ ಹಾಕಿ ಎಷ್ಟು ದಿನ ತಳ್ಳಿದರೆ ಅಷ್ಟೇ ಲಾಭ ಎಂದು ಡಾಕ್ಟರು ಹೇಳಿದ್ದರಂತೆ. ಮಾಸ್ತರು ಇದನ್ನು ಹೇಳುವಾಗ ನನ್ನ ಮುಖ ನೋಡದೆ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದರು. ನನಗೆ ಕಸಿವಿಸಿಯಾಯಿತು. ಅಲ್ಲಿಯವರೆಗೆ ಇದೊಂದು ಮುದುಕರ ಹಟ ಅಂದುಕೊಂಡಿದ್ದೆ.

ಕಾಕು ಮಾತ್ರ ಗಟ್ಟಿ. ಕುರ್ಚಿ ಎಳೆದುಕೊಂಡು ಕೂತು ವಿಚಾರಣೆಗೆ ಇಳಿದರು.

“ಯಾಕ ತಡಾ ಮಾಡ್ಲಿಕತ್ತಾರಪಾ ಅವರು?”

“ಸುರುಳಿ ಭಾಳ ಹೊಲಸಾಗಿತ್ತಂತ ಕಾಕು. ಸ್ವಚ್ಛ ಮಾಡ್ಲಿಕತ್ತಾರಂತ.”

“ಎಷ್ಟ ಮಂದಿ ಕುಂತಾರ?”

“ಗೊತ್ತಿಲ್ರಿ. ಹತ್ತು ಮಂದಿ ಇರಬೇಕು.”

“ಹತ್ತು ಮಂದಿಗೆ ಎರಡು ವರ್ಷದಾಗ ಆಗಿಲ್ಲ? ಎಲ್ಲಾ ಗಂಡಸರೇ ಅದಾರೇನು?”

ಕಾಕು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

“ನಮ್ಮ ಕಡಿ ಕಳಸ ಅಂತ ಬರಿ. ಓಣ್ಯಾಗಿನ ಹೆಣ್ಣುಮಕ್ಕಳ ಕರ್ಕೊಂಡು ಕುಂತ್ರ ಸಂಜಿ ಒಳಗ ಒರಸಿ ಕೊಡ್ತೀವಿ.”

ನಾನು ಇದನ್ನು ಕಂಪನಿಗೆ ಬರೆಯಲಿಲ್ಲ. ಬರೆದಿದ್ದರೆ ಕೆಲಸ ಬೇಗ ಆಗುತ್ತಿತ್ತೋ ಏನೋ.

೪. ಭಾಲ್ಕಿಯ ಬೀಗರು

ಕೊನೆಗೆ ಒಂದು ದಿನ ಡಿಸ್ಕು ಬಂತು. ಸೀಲು ಒಡೆಯಬಾರದು, ನಮ್ಮಾಕೆಗಿಂತ ಮೊದಲು ಯಾರೂ ನೋಡಬಾರದು ಎಂದು ಮಾಸ್ತರು ಮೊದಲೇ ಮಾತು ತೆಗೆದುಕೊಂಡಿದ್ದರು. ಹಾಗೆಯೇ ಖಾಕಿ ಕಾಗದ ಸುತ್ತಿ ಗಲ್ಲಾಪೆಟ್ಟಿಗೆಯ ಮೇಲಿಟ್ಟೆ. ಪಕ್ಕದಲ್ಲೇ ಖಾಕಿ ಕಾಗದದ ಇನ್ನೊಂದು ಪೊಟ್ಟಣ, ಭಾಲ್ಕಿಯವರ ಮಗಳ ಮದುವೆ ವಿಡಿಯೊದ್ದು. ಔರಾದದ ಕಂಡಕ್ಟರ್, ಭಾಲ್ಕಿಯ ಕಂಡಕ್ಟರ್ ಇಬ್ಬರೂ ಒಟ್ಟಿಗೆ ಚಹಾ ಕುಡಿದರು, ಮಾತಾಡುತ್ತಲೇ ಬಂದರು, ಕೈಗೆ ಸಿಕ್ಕಿದ್ದನ್ನು ಬಗಲಲ್ಲಿಟ್ಟುಕೊಂಡು ಮಾತಾಡುತ್ತಲೇ ಹೋದರು.

ಮರುದಿನ ಭಾಲ್ಕಿಯಿಂದ ಮದುವೆ ಹುಡುಗಿಯ ತಂದೆಯ ಫೋನು.

“ಸೇಠ್ರ, ಡಿಸ್ಕ್ ಹಚ್ಚಿ ನೋಡಿದ್ವಿ. ಭಾಳ ಸಾಫ್ ಬಂದದ. ಡಬ್ಬೀನೂ ಛಲೋ ಹಾಕೀರಿ. ಆದ್ರ ಬಣ್ಣ ಇಲ್ರಿ.”

ಪೊಟ್ಟಣ ಅದಲುಬದಲಾಗಿದ್ದು ನನಗೆ ಹೊಳೆಯಿತು. “ಎಷ್ಟು ಹೊತ್ತು ನೋಡಿದ್ರಿ?”

“ಅರ್ಧ ತಾಸು ನೋಡಿದ್ವಿ. ಒಬ್ಬರ ಗುರ್ತೂ ಹತ್ತಲಿಲ್ಲ. ಬೀಗರ ಕಡಿ ಮಂದಿ ಇರಬೇಕು ಅಂದ್ಕೊಂಡ್ವಿ. ಅವರು ಪುಣಾದವರು ನೋಡ್ರಿ, ಕೋಟು ಟೊಪಗಿ ಹಾಕೊಂಡೇ ಇರ್ತಾರ. ಆದ್ರ ಅರ್ಧ ತಾಸಾದ್ರೂ ಯಾರೂ ಊಟಕ್ಕ ಕುಂದ್ರಲಿಲ್ಲಲ್ರಿ, ಆವಾಗ ಸಂಶೆ ಬಂತು.”

ಅತ್ತ ಔರಾದದಲ್ಲಿ ಮಾಸ್ತರು ಬಾಗಿಲು ಹಾಕಿ, ಕಾಕುವನ್ನು ಟಿವಿಗೆ ಒಂದು ಗೇಣು ದೂರದಲ್ಲಿ ಕೂಡ್ರಿಸಿ ಡಿಸ್ಕು ಹಚ್ಚಿದ್ದರು. ಅರಿಷಿಣ ಹಚ್ಚುವ ದೃಶ್ಯ ಶುರುವಾಯಿತು. ಇದು ಆ ಸಿನೆಮಾ ಅಲ್ಲ ಎಂದು ಮಾಸ್ತರು ಆರಿಸಲು ಹೋದರೆ ಕಾಕು ಕೈ ಹಿಡಿದರು.

“ನಿಂದ್ರಿ. ಅಲ್ಲಿ ಹಸಿರ ಸೀರಿ ಉಟ್ಟಾಕಿ ನಮ್ಮ ಅಬಚಿ ಮಗಳಲ್ಲೇನು?”

ಹೌದು, ಚಿಕ್ಕಮ್ಮನ ಮಗಳೇ. ಮುಂದೆ ಮಾವನ ಮಕ್ಕಳು ಕಂಡರು. ತವರಿನ ಇಡೀ ಬಳಗ ಹೋಳಿಗೆ ಉಣ್ಣುತ್ತಿತ್ತು. ಕಾಕುವಿಗೆ ಮಾತ್ರ ಆಮಂತ್ರಣ ಬಂದಿರಲಿಲ್ಲ. ಡಿಸ್ಕು ಪೂರ್ತಿ ನೋಡಿದರು, ಯಾರು ಯಾರು ಉಂಡರು ಎಂದು ಗುರುತು ಹಿಡಿಯಲು ಇನ್ನೊಂದು ಸಲವೂ ನೋಡಿದರು. ಭಾಲ್ಕಿಗೆ ಸುದ್ದಿ ಮುಟ್ಟಿತು. ವಾರದೊಳಗೆ ಆ ಮನೆಯವರು ಸೀರೆ, ಕುಪ್ಪಸ, ಬುಂದಿಲಾಡು ಹೊತ್ತು ಔರಾದಕ್ಕೆ ಬಂದು ತಪ್ಪೊಪ್ಪಿಕೊಂಡರು. ಕಾಕು ಅಷ್ಟಕ್ಕೂ ಬಿಡಲಿಲ್ಲ, ಕರೆಯೋಲೆ ಕೊಡಲೇಬೇಕೆಂದರು. ಮದುವೆ ಮುಗಿದ ಮೇಲೆ ಅರಿಷಿಣ ಹಚ್ಚಿದ ಲಗ್ನಪತ್ರಿಕೆಯನ್ನು ಕೈಗೆ ಕೊಟ್ಟು, “ತಪ್ಪದ ಬರ್ರಿ” ಎಂದು ಕರೆದವರು ನಮ್ಮ ಜಿಲ್ಲೆಯಲ್ಲಿ ಆ ಭಾಲ್ಕಿಯವರೊಬ್ಬರೇ ಇರಬೇಕು.

೫. ಬಾಗಿಲು ತೆರೆಯಿತು

ಭಾಲ್ಕಿಯಿಂದ ಡಿಸ್ಕು ತರಿಸಿಕೊಂಡು, ಇನ್ನು ಯಾರನ್ನೂ ನಂಬದೆ, ಒಂದು ಐತವಾರ ನಾನೇ ಔರಾದ ಬಸ್ಸು ಹತ್ತಿದೆ. ಇಷ್ಟೆಲ್ಲ ಒದ್ದಾಡಿ ತರಿಸಿದ ಚಿತ್ರವನ್ನು ನಾನೂ ನೋಡಿ ಬರಬೇಕು ಎಂಬ ಆಸೆಯೂ ಇತ್ತು.

ಮನೆಯ ಪಡಸಾಲೆಯಲ್ಲಿ ಓಣಿಯ ಅರ್ಧ ಜನ ಕೂತಿದ್ದರು. ಆದರೆ ಬೀದರಿನಿಂದ ಬಂದ ಅತಿಥಿ ಉಣ್ಣದೆ ಏನೂ ಶುರುವಾಗುವಂತಿಲ್ಲ. ರೊಟ್ಟಿ, ಪುಂಡಿಪಲ್ಯ, ಹೋಳಿಗೆ, ಮೇಲೆ ತುಪ್ಪ. ಸಾಕು ಎಂದಷ್ಟೂ ಬಡಿಸಿದರು. ಉಂಡೇಳುವಾಗ ಕರೆಂಟು ಹೋಯಿತು. ಅದು ಬರುವ ಹೊತ್ತಿಗೆ ಇನ್ನೊಂದು ಸುತ್ತು ಚಹಾ ಆಯಿತು.

ಅಂತೂ ಶುರುವಾಯಿತು. ಮಾತೆಲ್ಲ ಪರಭಾಷೆ, ಕೆಳಗೆ ಇಂಗ್ಲಿಷ್ ಅಕ್ಷರ. ಮಾಸ್ತರು ಟಿವಿಯ ಪಕ್ಕ ನಿಂತು ಅದನ್ನು ಓದಿ ಓದಿ ಹೇಳತೊಡಗಿದರು. ಪರದೆಯ ಮೇಲೆ ಹಿಮದಲ್ಲಿ ನಿಂತ ದೊಡ್ಡ ಟೊಪ್ಪಿಗೆಯ ಅಧಿಕಾರಿ ಬಾಯಿ ತೆರೆದರೆ, “ಏ ಕಾಕಾ, ನಾಳಿಂದ ಈ ಲೈನ್ ಬಂದ್ ಆಗ್ತದ, ಸಾಮಾನ ಕಟ್ಕೋ” ಎಂದು ಮಾಸ್ತರ ಧ್ವನಿ ಬರುತ್ತಿತ್ತು. ಹಿಂದೆ ಕೂತ ಒಬ್ಬಾಕೆ, “ಅಲ್ಲಿ ಮಂದೀನೂ ನಮ್ಮಂಗೇ ಮಾತಾಡ್ತಾರ ನೋಡ್ರಿ” ಎಂದು ಸಂತೋಷಪಟ್ಟಳು.

ಮುದುಕ ಏನೂ ಹೇಳದೆ ಬಹಳ ಹೊತ್ತು ಗೇಟಿನ ಕಂಬ ಹಿಡಿದು ನಿಂತ. ಮಾಸ್ತರೂ ಸುಮ್ಮನೆ ನಿಂತರು.

“ಯಾಕ ಸುಮ್ಮನಾದ್ರಿ? ಅವ ಏನಂದ?” ಕಾಕು ಕೇಳಿದರು.

“ಏನೂ ಅಂದಿಲ್ಲ.”

“ಇಷ್ಟ ಹೊತ್ತು ಏನೂ ಅನ್ಲಾರ್ದ ಹ್ಯಾಂಗ ನಿಂದರ್ತಾನ? ನೀವು ಏನೋ ಮುಚ್ಚಿಡ್ಲಿಕತ್ತೀರಿ.”

ಕೊನೆಗೆ ಆ ಕೊನೆಯ ರೈಲು ಬಂತು. ರೈಲು ನಿಂತಿತು. ಬಾಗಿಲು ತೆರೆಯಿತು. ನಾನು ಗಡಿಯಾರ ನೋಡಿದೆ. ಬೀದರಿನ ಕೊನೆಯ ಬಸ್ಸಿನ ಹೊತ್ತು. ಮರುದಿನ ಬೆಳಗ್ಗೆ ಒಂದು ಮದುವೆಯ ಶೂಟಿಂಗ್ ಒಪ್ಪಿಕೊಂಡಿದ್ದೆ. ಎದ್ದು ನಿಂತೆ.

“ಮಾಸ್ತರ, ನಾ ಬರ್ತೀನ್ರಿ.”

“ಹೂಂ, ಹೋಗ್ರಿ, ಬಸ್ ತಪ್ತದ,” ಎಂದರು ಮಾಸ್ತರು. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಅವರು ನೋಡುತ್ತಿದ್ದುದು ಟಿವಿಯನ್ನೂ ಅಲ್ಲ, ಕಾಕುವಿನ ಮುಖವನ್ನು.

ಮರುದಿನ ನಾನೇ ಫೋನು ಮಾಡಿದೆ. ಕಾಕು ಎತ್ತಿಕೊಂಡರು.

“ಕಣ್ತುಂಬ ನೋಡಿದೆನಪಾ. ಇನ್ನ ಈ ಕಣ್ಣು ಏನರೆ ಆಗ್ಲಿ. ನೀ ಪುಣ್ಯಾ ಕಟ್ಕೊಂಡಿ.”

ಮೆಲ್ಲಗೆ ಕೇಳಿದೆ. “ಕಾಕು, ಆ ಹುಡುಗಿ ಇಳದಳೇನ್ರಿ?”

“ಅದನ್ನ ಫೋನಿನಾಗ ಹೇಳಂಗಿಲ್ಲ. ಬಂದು ನೋಡು. ನಾ ಮೂವತ್ತು ವರ್ಷ ಕಾದೀನಿ, ನಿನಗ ಒಂದು ವಾರ ಕಾಯ್ಲಾಕ ಆಗಂಗಿಲ್ಲೇನು?”

ಡಿಸ್ಕು ಕಳಿಸಿರಿ ಎಂದೆ. ಅದಕ್ಕೂ ಒಪ್ಪಲಿಲ್ಲ. “ಒಮ್ಮೆ ಭಾಲ್ಕಿಗಿ ಹೋಗಿ ಬಂದದ. ಇನ್ನ ಅದು ಹೊಸ್ತಿಲ ದಾಟಂಗಿಲ್ಲ.” ಇನ್ನೊಂದು ತರಿಸೋಣವೆಂದರೆ ಕಂಪನಿಯಲ್ಲಿ ಇದ್ದಷ್ಟೂ ಖರ್ಚಾಗಿದ್ದವು.

ಮುಂದಿನ ಐತವಾರ ಮತ್ತೆ ಹೋದೆ. ಮರುದಿನ ಮತ್ತೊಂದು ಮದುವೆ ಇದ್ದುದರಿಂದ ಈ ಸಲ ಬೇಗ ಹೊರಟಿದ್ದೆ. ಆದರೂ ರೊಟ್ಟಿ, ಪುಂಡಿಪಲ್ಯ, ಹೋಳಿಗೆ, ತುಪ್ಪ. ಕೊನೆಯ ಹತ್ತು ನಿಮಿಷ ಮಾತ್ರ ಹಚ್ಚಿರಿ ಎಂದು ಕೈಮುಗಿದರೆ ಮಾಸ್ತರು ಮುಖ ಗಂಟಿಕ್ಕಿದರು. “ನಡುವಿಂದ ನೋಡೋದು ಸಿನೆಮಾಕ್ಕ ಅವಮಾನ. ಮೊದಲಿಂದ ನೋಡ್ರಿ.” ಮೊದಲಿನಿಂದ ಶುರುವಾಯಿತು. ಅಷ್ಟರಲ್ಲಿ ಮೊದಲ ಸಲ ಬರದಿದ್ದ ಓಣಿಯ ಇನ್ನರ್ಧ ಜನ ಒಬ್ಬೊಬ್ಬರೇ ಬಂದರು. ಒಬ್ಬರು ಬಂದಾಗಲೆಲ್ಲ ಕಾಕು ನಿಲ್ಲಿಸಿ, ಹಿಂದಿನ ಕಥೆ ಹೇಳಿ, ಮುಂದಕ್ಕೆ ಬಿಟ್ಟರು. ರೈಲು ಬಂತು, ನಿಂತಿತು, ಬಾಗಿಲು ತೆರೆಯಿತು. ನಾನು ಗಡಿಯಾರ ನೋಡಿದೆ.

ಓಡುತ್ತ ಹೋಗಿ ಬಸ್ಸು ಹತ್ತಿದೆ. ಅದೇ ಕಂಡಕ್ಟರ್ ಸಾಹೇಬರು. ನನ್ನ ಮುಖ ನೋಡಿ ಹುಬ್ಬು ಏರಿಸಿದರು.

“ಎಲ್ಲಿ ತನಕ ಆಯ್ತು ಸೇಠ್ರ?”

“ಬಾಗಲಾ ತೆರೀತು.”

“ಅರೆ! ಅಸಲಿ ಮಜಾ ಅಲ್ಲೇ ಅದರಿ! ಬಾಗಲಾ ತೆರೆದ ಮ್ಯಾಲ...” ಎಂದವರು ಬಾಯಿಗೆ ಕೈ ಅಡ್ಡ ಹಿಡಿದರು. “ತೌಬಾ! ಕಾಕು ಆಣಿ ಹಾಕಸ್ಯಾರ. ನೋಡಿದವರು ಯಾರೂ ನಿಮಗ ಹೇಳಂಗಿಲ್ಲಂತ.”

“ನೀವು ಯಾವಾಗ ನೋಡಿದ್ರಿ?”

“ಮಂಗಳವಾರ ರಜಾ ಇತ್ತು. ಹೋಳಿಗಿ ಭಾಳ ಛಲೋ ಇದ್ವು.”

ಮಾನ ಬಿಟ್ಟು ಕೇಳಿಕೊಂಡೆ. “ಸಾಹೇಬರ, ಹತ್ತೇ ಹತ್ತು ಮಿನಿಟು ಬಸ್ ನಿಲ್ಲಸ್ರಿ. ಓಡಿ ಹೋಗಿ ನೋಡಿ ಬರ್ತೀನಿ.”

ಸಾಹೇಬರು ದಯಾಳು. ಒಂದು ಗಳಿಗೆ ಯೋಚಿಸಿ, ತುಂಬಿದ ಬಸ್ಸಿನ ಕಡೆ ತಿರುಗಿ ಕೂಗಿ ಕೇಳಿದರು. “ಏನ್ರಿ, ನಮ್ಮ ಸೇಠ್ರು ಗೇಟಿನ ಸಿನೆಮಾದ ಕೊನಿ ನೋಡಿಲ್ಲಂತ. ಹತ್ತು ಮಿನಿಟು ನಿಲ್ಲಸ್ಲೇನು?”

ಬಸ್ಸಿಗೆ ಬಸ್ಸೇ ನನ್ನ ಕಡೆ ತಿರುಗಿ ನೋಡಿತು. ಹಿಂದಿನ ಸೀಟಿನಿಂದ ಒಬ್ಬ ಹೆಣ್ಣುಮಗಳ ದನಿ ಬಂತು.

“ಯಾಕ ನಿಲ್ಲಸ್ತೀರಿ? ನಾವೆಲ್ಲಾ ನೋಡೀವಿ, ನಡೀರಿ!”

ಸಾಹೇಬರು ಗಂಟೆ ಹೊಡೆದರು.